ಉದಾರವಾದದ ಗ್ರಂಥಗಳು: ವಾಚನಕ್ರಮವನ್ನು ಕುರಿತು ಒಂದು ವಿಚಾರ

ರಾಜ್ಯಶಾಸ್ತ್ರ, ಇತಿಹಾಸ ಮತ್ತು ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಸೂಚಿಸಲಾಗುವ ಗ್ರಂಥಗಳ ಪಟ್ಟಿಯಲ್ಲಿ ಆಡಂ ಸ್ಮಿತ್, ಜಾನ್ ಸ್ಟೂಅರ್ಟ್ ಮಿಲ್, ಹಯೆಕ್ ಮೊದಲಾದವರ ಹೆಸರುಗಳು ತಪ್ಪದೆ ಬರುತ್ತವೆ. ಹೆಸರುಗಳು ಪರಿಚಿತವಾಗಿರುವಷ್ಟು ಗ್ರಂಥಗಳು ಪರಿಚಿತವಾಗಿಲ್ಲ. ಒಂದೊಂದು ಗ್ರಂಥವೂ ಒಂದೊಂದು ಸೂತ್ರವಾಗಿ ಸಂಕ್ಷಿಪ್ತಗೊಂಡು, ಪರೀಕ್ಷೆಯ ಉತ್ತರಕ್ಕೆ ಒದಗುವ ಸಾಮಗ್ರಿಯಾಗಿ ಮಾತ್ರ ಉಳಿದಿದೆ. ಈ ಗ್ರಂಥಗಳನ್ನು ಬಿಡಿಬಿಡಿಯಾಗಿ ಓದದೆ, ಒಂದು ಮತ್ತೊಂದನ್ನು ಪರೀಕ್ಷಿಸುವಂತೆ ಜೊತೆಗೂಡಿಸಿ ಓದಬೇಕೆಂಬುದೂ, ಅವುಗಳಲ್ಲಿ ಭಾರತವನ್ನು ಕುರಿತು ಬಂದಿರುವ ಮಾತನ್ನು ದಾಟಿಹೋಗಬಾರದೆಂಬುದೂ ಈ ಲೇಖನದ ವಾದ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ಈ ಚಿಂತನೆಗೆ ‘ಉದಾರವಾದ’ವೆಂಬ ಮಾತು ರೂಢಿಗೆ ಬಂದಿದೆ. ಔದಾರ್ಯವು ಕೊಡುವವನ ಗುಣ. ದೊರೆಯು ಉದಾರಿಯಾದರೆ ಪ್ರಜೆಗೆ ಲಾಭ. ಆದರೆ ಈ ಗ್ರಂಥಗಳ ಮೂಲಪ್ರಶ್ನೆ ಅಧಿಕಾರದ ಔದಾರ್ಯವನ್ನು ಕುರಿತದ್ದಲ್ಲ, ಅದರ ಮೇರೆಯನ್ನು ಕುರಿತದ್ದು. ಒಳ್ಳೆಯ ದೊರೆಯೂ ದಾಟಬಾರದ ಗೆರೆ ಯಾವುದು? 1991ರ ಆರ್ಥಿಕ ಸುಧಾರಣೆಗಳ ತರುವಾಯ ‘ಉದಾರೀಕರಣ’ವೆಂಬ ಮಾತು ಬಳಕೆಗೆ ಬಂದು, ವ್ಯಾಪಾರದ ನಿರ್ಬಂಧಗಳ ಸಡಿಲಿಕೆಯೇ ಈ ಚಿಂತನೆಯ ಸರ್ವಸ್ವವೆಂಬ ಭಾವನೆಯನ್ನು ಬಲಪಡಿಸಿದೆ.

ಈ ಭಾವನೆಯನ್ನು ತಿದ್ದಲು ಸ್ಮಿತ್ತನ ‘ದಿ ವೆಲ್ತ್ ಆಫ್ ನೇಷನ್ಸ್’ (1776) ಗ್ರಂಥವೇ ಸಾಕು. ‘ಅದೃಶ್ಯ ಹಸ್ತ’ವೆಂಬ ಪ್ರಸಿದ್ಧವಾದ ಮಾತು ಆ ಬೃಹದ್ಗ್ರಂಥದಲ್ಲಿ ಬರುವುದು ಒಂದೇ ಬಾರಿ. ಈಸ್ಟ್ ಇಂಡಿಯಾ ಕಂಪನಿಯ ವಿಮರ್ಶೆಯಾದರೋ ಮತ್ತೆ ಮತ್ತೆ ಬರುತ್ತದೆ. ವ್ಯಾಪಾರದ ಏಕಸ್ವಾಮ್ಯವುಳ್ಳವರ ಕೈಗೆ ದೇಶದ ಆಡಳಿತವೂ ಸೇರುವುದು ಪ್ರಜೆಗಳಿಗೆ ಅನರ್ಥಕಾರಿಯೆಂದು ಆತನು ನಿಷ್ಠುರವಾಗಿ ಹೇಳಿದ್ದಾನೆ. ಶ್ರಮವಿಭಜನೆಯನ್ನು ಮೊದಲ ಭಾಗದಲ್ಲಿ ಹೊಗಳಿದವನೇ, ಅದು ಕಾರ್ಮಿಕನ ಬುದ್ಧಿಯನ್ನು ಮಂದಗೊಳಿಸುವುದೆಂದು ಐದನೆಯ ಭಾಗದಲ್ಲಿ ಎಚ್ಚರಿಸಿ, ಜನಸಾಮಾನ್ಯರ ಪ್ರಾಥಮಿಕ ಶಿಕ್ಷಣಕ್ಕೆ ಸರ್ಕಾರವು ನೆರವಾಗಬೇಕೆಂದು ವಾದಿಸುತ್ತಾನೆ. ಮೊದಲ ಅಧ್ಯಾಯಗಳಿಗೇ ನಿಲ್ಲುವ ಓದುಗನಿಗೆ ಈ ಸ್ಮಿತ್ತನ ಪರಿಚಯವಾಗುವುದಿಲ್ಲ.

ಮಿಲ್ಲನ ವಿಷಯ ಇನ್ನೂ ಗಹನವಾದುದು. ‘ಆನ್ ಲಿಬರ್ಟಿ’ (1859) ಸರ್ಕಾರದ ಬಲಾತ್ಕಾರವನ್ನಷ್ಟೇ ಅಲ್ಲದೆ ಸಮಾಜದ ಬಲಾತ್ಕಾರವನ್ನೂ ವಿಚಾರಣೆಗೆ ಗುರಿಮಾಡಿದ ಗ್ರಂಥ. ಅನ್ಯರಿಗೆ ಹಾನಿಯಾಗದಿರುವ ತನಕ ವ್ಯಕ್ತಿಯನ್ನು ನಿರ್ಬಂಧಿಸಲಾಗದೆಂಬ ಅದರ ತತ್ತ್ವವು ಎಲ್ಲರಿಗೂ ತಿಳಿದದ್ದೇ. ಆದರೆ ಪೀಠಿಕೆಯ ಅಧ್ಯಾಯದಲ್ಲಿಯೇ ಆ ತತ್ತ್ವಕ್ಕೆ ಒಂದು ವಿನಾಯಿತಿಯಿದೆ: ಹಿಂದುಳಿದ ಸ್ಥಿತಿಯ ಸಮಾಜಗಳಿಗೆ ಇದು ಅನ್ವಯಿಸದು, ಅಭ್ಯುದಯವೇ ಗುರಿಯಾಗಿದ್ದರೆ ಅಲ್ಲಿ ನಿರಂಕುಶ ಪ್ರಭುತ್ವವೂ ನ್ಯಾಯವೇ. ಇದನ್ನು ಬರೆದವನು 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಉದ್ಯೋಗದಲ್ಲಿದ್ದವನೆಂಬುದನ್ನು ಮರೆಯಲಾಗದು. ಹಾಗೆಂದು ಗ್ರಂಥವನ್ನೇ ತಳ್ಳಿಹಾಕುವುದು ಸುಲಭ. ವಿನಾಯಿತಿಯನ್ನು ಕಾಣದಂತೆ ನಟಿಸುವುದು ಇನ್ನೂ ಸುಲಭ. ಎರಡೂ ವಿಮರ್ಶೆಯಲ್ಲ. ತತ್ತ್ವವು ಸತ್ಯವಾದರೆ ವಿನಾಯಿತಿಯನ್ನು ನಿರ್ಣಯಿಸುವ ಅಧಿಕಾರ ಯಾರದು ಎಂದು ಕೇಳುವುದು ವಿಮರ್ಶೆ.

ಈ ಪ್ರಶ್ನೆಗೆ ಉತ್ತರವೋ ಎಂಬಂತೆ ನಿಲ್ಲುವ ಎರಡು ಭಾರತೀಯ ಗ್ರಂಥಗಳನ್ನು ಮಿಲ್ಲನ ಪಕ್ಕದಲ್ಲಿಯೇ ಇರಿಸಬೇಕು. ಮೊದಲನೆಯದು ದಾದಾಭಾಯಿ ನವರೋಜಿಯವರ ‘ಪಾವರ್ಟಿ ಅಂಡ್ ಅನ್‌ಬ್ರಿಟಿಷ್ ರೂಲ್ ಇನ್ ಇಂಡಿಯಾ’ (1901). ಸರ್ಕಾರಿ ಅಂಕಿಅಂಶಗಳನ್ನೇ ಆಧರಿಸಿ ಅವರು ಭಾರತೀಯನ ವಾರ್ಷಿಕ ತಲಾ ಆದಾಯ ಸುಮಾರು 20 ರೂಪಾಯಿಗಳೆಂದು ಗಣಿಸಿ, ಅದನ್ನು ಸೆರೆಮನೆಯ ಕೈದಿಯ ಅನ್ನವಸ್ತ್ರದ ವೆಚ್ಚದೊಡನೆ ಹೋಲಿಸಿದರು. ‘ಅನ್‌ಬ್ರಿಟಿಷ್’ ಎಂಬ ಒಂದು ವಿಶೇಷಣದಲ್ಲಿಯೇ ವಾದದ ಬಲವಿದೆ: ಆಳುವವರನ್ನು ಅವರು ಸಾರಿದ ತತ್ತ್ವದಿಂದಲೇ ಅಳೆಯುವುದು. ಎರಡನೆಯದು ಅಂಬೇಡ್ಕರರ ‘ಅನಿಹಿಲೇಷನ್ ಆಫ್ ಕಾಸ್ಟ್’ (1936). ಲಾಹೋರಿನ ಸುಧಾರಕ ಸಂಘವೊಂದು ಆಹ್ವಾನಿಸಿ, ಭಾಷಣದ ಪಾಠವನ್ನು ಕಂಡು ಹಿಂಜರಿದುದರಿಂದ ಅವರೇ ಅದನ್ನು ಅಚ್ಚುಹಾಕಿಸಿದರು. ಸಮಾಜದ ಬಲಾತ್ಕಾರವೆಂಬ ಮಿಲ್ಲನ ಮಾತಿಗೆ ಇಲ್ಲಿ ದೊರೆಯುವ ಅರ್ಥದ ಆಳವು ಮಿಲ್ಲನಲ್ಲಿಯೇ ಇಲ್ಲ. ಅದೇ ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಮಹಾಪುರುಷನ ಪಾದಗಳಿಗೂ ಸ್ವಾತಂತ್ರ್ಯವನ್ನು ಒಪ್ಪಿಸಬಾರದೆಂದು ಎಚ್ಚರಿಸುವಾಗ ನೆನೆದದ್ದು ಮಿಲ್ಲನನ್ನೇ. ವಿನಾಯಿತಿಯನ್ನು ಬಿಟ್ಟು ತತ್ತ್ವವನ್ನು ಸ್ವೀಕರಿಸುವ ಬಗೆಯು ಇದರಿಂದ ಸ್ಪಷ್ಟವಾಗುತ್ತದೆ.

ಅರ್ಥಶಾಸ್ತ್ರದಲ್ಲಿಯೂ ಇಂತಹ ಜೋಡಣೆ ಸಾಧ್ಯ. ಹಯೆಕನ ‘ದಿ ರೋಡ್ ಟು ಸರ್ಫ್‌ಡಂ’ ಮತ್ತು ಕಾರ್ಲ್ ಪೊಲಾನ್ಯಿಯ ‘ದಿ ಗ್ರೇಟ್ ಟ್ರಾನ್ಸ್‌ಫರ್ಮೇಷನ್’ ಎರಡೂ 1944ರಲ್ಲಿ ಪ್ರಕಟವಾದವು. ಇಬ್ಬರೂ ವಿಯೆನ್ನಾದಲ್ಲಿ ಹುಟ್ಟಿದವರು. ಯುರೋಪಿನ ಪತನಕ್ಕೆ ಒಬ್ಬನು ಕೇಂದ್ರೀಕೃತ ಯೋಜನೆಯಲ್ಲಿ ಕಾರಣವನ್ನು ಕಂಡರೆ, ಮತ್ತೊಬ್ಬನು ಅಂಕೆಯಿಲ್ಲದ ಮಾರುಕಟ್ಟೆಯಲ್ಲಿ ಕಂಡನು. ಒಂದನ್ನು ಮಾತ್ರ ಓದಿದವನು ಅನುಯಾಯಿಯಾಗುವುದೇ ಹೆಚ್ಚು.

ಕನ್ನಡದ ಓದುಗನು ಡಿ. ವಿ. ಗುಂಡಪ್ಪನವರ ‘ರಾಜ್ಯಶಾಸ್ತ್ರ’ದಿಂದ ಆರಂಭಿಸಬಹುದು. ಈ ವಿಚಾರಗಳನ್ನು ನಮ್ಮ ಭಾಷೆಯಲ್ಲಿ ತೂಕವರಿತು ಹೇಳಬಹುದೆಂಬುದಕ್ಕೆ ಅದು ಸಾಕ್ಷಿ. ಆದರೆ ಗ್ರಂಥಗಳನ್ನು ಸೂಚಿಸಿದ ಮಾತ್ರಕ್ಕೆ ಅಧ್ಯಾಪಕರ ಕೆಲಸ ಮುಗಿಯದು. ‘ಮಿಲ್ಲನ ಸ್ವಾತಂತ್ರ್ಯತತ್ತ್ವವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಬದಲಾಗಿ ‘ಆ ತತ್ತ್ವದಿಂದ ಮಿಲ್ಲನು ಯಾರನ್ನು ಹೊರಗಿಟ್ಟನು, ಅದು ಸಮರ್ಥನೀಯವೇ?’ ಎಂದು ಕೇಳಿದರೆ, ವಿದ್ಯಾರ್ಥಿಯು ಮೂಲಗ್ರಂಥವನ್ನು ತೆರೆಯಲೇಬೇಕಾಗುತ್ತದೆ.