ಪರದೆ ಒಳಗೋ ಹೊರಗೋ?

ಬೆಂಗಳೂರಿನ ಸಹಕಾರನಗರದಂಥ ಬಡಾವಣೆಯಲ್ಲಿ ಮನೆ ಕಟ್ಟಿ ಮುಗಿಸಿ, ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿದ ಮೇಲೆ ಕಟ್ಟಕಡೆಗೆ ನೆನಪಾಗುವುದು ಪರದೆ. ಅಷ್ಟು ಹೊತ್ತಿಗೆ ಕೈಯಲ್ಲಿನ ದುಡ್ಡು ಕರಗಿರುತ್ತದೆ, ಪುರುಸೊತ್ತೂ ಇರುವುದಿಲ್ಲ. ಅಂಗಡಿಯವರು ಮಾದರಿ ಬಟ್ಟೆಗಳ ದಪ್ಪ ಪುಸ್ತಕ ಮುಂದಿಡುತ್ತಾರೆ. ಸೋಫಾದ ಬಣ್ಣಕ್ಕೆ ಒಪ್ಪುತ್ತದೆಯೇ ಎಂಬುದು ಮೊದಲ ಪ್ರಶ್ನೆ, ಬಿಸಿಲು ತಡೆಯುತ್ತದೆಯೇ ಎಂಬುದು ಎರಡನೆಯದು. ಎರಡನೆಯದಕ್ಕೆ ಸಿದ್ಧ ಉತ್ತರ ‘ಬ್ಲ್ಯಾಕೌಟ್’. ಈಚೆಗೆ ‘ಥರ್ಮಲ್’, ‘ಎನರ್ಜಿ ಸೇವಿಂಗ್’ ಎಂಬ ಮಾತುಗಳೂ ಅದಕ್ಕೆ ಅಂಟಿಕೊಂಡಿವೆ. ಮನೆಯ ಎಂಟು ಹತ್ತು ಕಿಟಕಿಗಳಿಗೂ ಒಂದೇ ಬಟ್ಟೆ, ಒಂದೇ ರಾಡು. ನೋಡಲು ಅಚ್ಚುಕಟ್ಟು, ನಿಜ. ಆದರೆ ಬೆಂಗಳೂರಿನ ಹವೆಯಲ್ಲಿ ಪರದೆ ಮಾಡಬೇಕಾದ ಕೆಲಸ ಏನು ಎಂದು ಕೇಳಿದರೆ ಈ ಪದ್ಧತಿ ತಲೆಕೆಳಗಾಗಿದೆ ಎಂಬುದು ನನ್ನ ವಾದ. ತಡೆ ಇರಬೇಕಾದದ್ದು ಗಾಜಿನ ಹೊರಗೆ, ನಾವು ಹಾಕುತ್ತಿರುವುದು ಒಳಗೆ. ತಡೆಯಬೇಕಾದದ್ದು ಬಿಸಿಲನ್ನು, ನಾವು ಅದರ ಜೊತೆಗೆ ಗಾಳಿಯನ್ನೂ ತಡೆಯುತ್ತಿದ್ದೇವೆ.

ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಮಹಡಿಯ ಮೇಲಿನ ಕೋಣೆಗೆ ಪಶ್ಚಿಮಕ್ಕೆ ಐದಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿ ಇದೆ ಎನ್ನಿ. ಮೇಲೆ ಎಲ್ಲ ಮನೆಗಳಲ್ಲಿ ಇರುವ ಹಾಗೆ ಎರಡಡಿಯ ಸಜ್ಜಾ. ಏಪ್ರಿಲ್ ಕೊನೆಯ ವಾರ ನಡುಹಗಲಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ, ಏಕೆಂದರೆ ಈ ಊರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಗ ಸಜ್ಜಾ ಚೆನ್ನಾಗಿ ನೆರಳು ಕೊಡುತ್ತದೆ, ಆದರೆ ಪಶ್ಚಿಮದ ಕಿಟಕಿಗೆ ಆ ಹೊತ್ತಿನಲ್ಲಿ ನೆರಳಿನ ಅಗತ್ಯವೇ ಇಲ್ಲ. ಸಂಜೆ ನಾಲ್ಕಕ್ಕೆ ಸೂರ್ಯ ದಿಗಂತದಿಂದ ಸುಮಾರು 36 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಅದೇ ಸಜ್ಜಾದ ನೆರಳು ಈಗ ಕಿಟಕಿಯ ಮೇಲಿನ ಒಂದೂವರೆ ಅಡಿಯನ್ನಷ್ಟೇ ಮುಚ್ಚುತ್ತದೆ. ಐದಕ್ಕೆ ಮುಕ್ಕಾಲು ಅಡಿ. ಉಳಿದ ಗಾಜಿನ ಮೂಲಕ ಒಳಬರುವ ಬಿಸಿಲಿನ ಶಾಖ ಹೆಚ್ಚುಕಡಿಮೆ 600ರಿಂದ 700 ವ್ಯಾಟ್. ಇಸ್ತ್ರಿ ಪೆಟ್ಟಿಗೆಯನ್ನು ಸ್ವಿಚ್ ಆರಿಸದೆ ಮಂಚದ ಪಕ್ಕ ಮೂರು ಗಂಟೆ ಇಟ್ಟಂತೆ. ಇನ್ನು, ಹೊರಗಿನ ಗಾಳಿ ಒಳಗಿನದಕ್ಕಿಂತ ಐದು ಡಿಗ್ರಿ ಬಿಸಿಯಾಗಿದ್ದರೆ, ಆ ವ್ಯತ್ಯಾಸ ಒಂದರಿಂದಲೇ ಒಂಟಿ ಗಾಜನ್ನು ದಾಟಿ ಬರುವ ಶಾಖ ಎಷ್ಟು? ಚದರ ಮೀಟರಿಗೆ, ಡಿಗ್ರಿಗೆ ಸುಮಾರು 5.7 ವ್ಯಾಟಿನಂತೆ ಲೆಕ್ಕ ಹಾಕಿದರೆ ಇಡೀ ಕಿಟಕಿಗೆ 50 ವ್ಯಾಟ್ ಚಿಲ್ಲರೆ. ಒಂದು ಹಳೆಯ ಫ್ಯಾನು ತಿನ್ನುವುದಕ್ಕಿಂತ ಕಡಿಮೆ.

‘ಥರ್ಮಲ್’ ಪರದೆ, ಜೇನುಗೂಡಿನಂಥ ಪದರದ ಬ್ಲೈಂಡು, ಎರಡು ಗಾಜಿನ ಕಿಟಕಿ, ಇವೆಲ್ಲ ಮುಖ್ಯವಾಗಿ ಹೋರಾಡುವುದು ಆ ಐವತ್ತು ವ್ಯಾಟಿನ ಜೊತೆಗೆ. ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡು ಕೂರುವ ದೇಶಗಳಲ್ಲಿ ಒಳಗೂ ಹೊರಗೂ ಇಪ್ಪತ್ತು ಮೂವತ್ತು ಡಿಗ್ರಿಯ ಅಂತರವಿರುತ್ತದೆ, ಅಲ್ಲಿ ಅವು ಕೊಟ್ಟ ದುಡ್ಡಿಗೆ ಬಾಳುತ್ತವೆ. ಜನವರಿಯಲ್ಲೂ ರಾತ್ರಿ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವ, ಹೀಟರನ್ನೇ ಕಾಣದ ಊರಿನಲ್ಲಿ ಅದೇ ಗುಣಕ್ಕೆ ಹೆಚ್ಚಿನ ಬೆಲೆ ತೆರುವುದು ದಂಡ. ಬಳ್ಳಾರಿ ರಸ್ತೆಗೋ ಕೊಡಿಗೇಹಳ್ಳಿಯ ರೈಲು ಹಳಿಗೋ ಹತ್ತಿರವಿರುವವರು ಸದ್ದಿಗಾಗಿ ಎರಡು ಗಾಜು ಹಾಕಿಸಿದರೆ ಅದು ಬೇರೆ ಮಾತು. (ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವಾಗ ಯಾವ ಗಾಜೂ ಕೆಲಸಕ್ಕೆ ಬರುವುದಿಲ್ಲ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು.)

ಹಾಗಾದರೆ ಜಗಳ ಬಿಸಿಲಿನ ಜೊತೆಗೆ. ಆ ಜಗಳದಲ್ಲಿ ಪರದೆ ನಿಲ್ಲುವ ಜಾಗವೇ ಮುಖ್ಯ. ಬಿಸಿಲು ಗಾಜನ್ನು ಸುಲಭವಾಗಿ ದಾಟುತ್ತದೆ. ಒಳಗಿನ ಕಡುಗೆಂಪು ಬ್ಲ್ಯಾಕೌಟ್ ಬಟ್ಟೆಗೆ ಬಡಿದು ಶಾಖವಾಗುತ್ತದೆ. ಆ ಶಾಖ ಬಂದ ದಾರಿಯಲ್ಲಿ ವಾಪಸು ಹೋಗಲಾರದು, ಬಿಸಿ ಬಟ್ಟೆಯಿಂದ ಹೊಮ್ಮುವ ಶಾಖಕಿರಣಗಳಿಗೆ ಗಾಜು ಗೋಡೆಯಿದ್ದಂತೆ. ಬಟ್ಟೆ ಮತ್ತು ಗಾಜಿನ ನಡುವೆ ಕಾದ ಗಾಳಿ ರಾಡಿನ ಮೇಲಿಂದ ಕೋಣೆಗೆ ಸುರಿಯುತ್ತದೆ. ಕತ್ತಲೆಯೇನೋ ಆಯಿತು, ತಂಪಾಗಲಿಲ್ಲ. ಅಮೆರಿಕದ ಇಂಧನ ಇಲಾಖೆ ಮನೆಯವರಿಗೆಂದು ಕೊಡುವ ಅಂಕಿಗಳನ್ನು ನೋಡಿ: ಬಿಳಿ ಪ್ಲಾಸ್ಟಿಕ್ ಹಿಂಬದಿಯ ಒಳಪರದೆ ಬಿಸಿಲಿನ ಶಾಖವನ್ನು ಶೇ 33ರಷ್ಟು ತಗ್ಗಿಸಬಲ್ಲದು, ಪಶ್ಚಿಮದ ಕಿಟಕಿಗೆ ಹೊರಗೆ ಕಟ್ಟಿದ ಇಳಿಜಾರು ಚಪ್ಪರ ಶೇ 77ರವರೆಗೆ. ಮೊದಲ ಅಂಕಿ ಕೂಡ ಬಿಳಿ ಹಿಂಬದಿಗೆ ಸಿಕ್ಕ ಅಂಕ ಎಂಬುದನ್ನು ಗಮನಿಸಬೇಕು. ಬಿಳುಪು ಬಂದ ಬೆಳಕನ್ನು ಬೆಳಕಾಗಿಯೇ ಗಾಜಿನಾಚೆ ಹಿಂತಿರುಗಿಸುತ್ತದೆ. ಅಂಗಡಿಯಲ್ಲಿ ನಾವು ತಿರುವಿ ನೋಡುವುದು ಬಟ್ಟೆಯ ಮುಂಬದಿಯ ಹೂವನ್ನು. ಕೆಲಸ ಮಾಡುವುದು ಯಾರೂ ಕೇಳದ ಹಿಂಬದಿ.

ಬೆಂಗಳೂರಿಗೆ ಇದು ಹೊಸ ಪಾಠವೇನಲ್ಲ. ಬಸವನಗುಡಿ, ಮಲ್ಲೇಶ್ವರ, ರಿಚ್ಮಂಡ್ ಟೌನಿನ ಹಳೆಯ ಬಂಗಲೆಗಳಲ್ಲಿ ಅಳಿದುಳಿದಿರುವ ಮಂಕಿ ಟಾಪ್‌ಗಳನ್ನು ಇವತ್ತು ನಾವು ಚಂದಕ್ಕೆಂದು ಫೋಟೊ ತೆಗೆಯುತ್ತೇವೆ. ಕಿಟಕಿಯ ಮೇಲೆ ಮುಂಚಾಚಿದ ಚೂಪು ತಲೆಯ ಮರದ ಮುಸುಕು, ಅದರಿಂದ ಕೆಳಗೆ ಇಳಿದ ತೆಳು ಮರದ ಪಟ್ಟಿಗಳ ಸಾಲು. ಸಜ್ಜಾ ಸೋಲುವ ಇಳಿಬಿಸಿಲನ್ನು ಈ ಪಟ್ಟಿಗಳು ಹಿಡಿಯುತ್ತವೆ, ಸಂದುಗಳಿಂದ ಗಾಳಿ ಆಡುತ್ತದೆ, ಸಣ್ಣ ಮಳೆಗೆ ಕಿಟಕಿ ಮುಚ್ಚಬೇಕಾಗಿಲ್ಲ. ಮರ ಕಾದರೂ ಅದು ಕಾಯುವುದು ಹೊರಗೆ. ಜಗಲಿಗೆ ಇಳಿಬಿಡುತ್ತಿದ್ದ ಬಿದಿರಿನ ಚಿಕ್, ನೀರು ಚಿಮುಕಿಸುತ್ತಿದ್ದ ಲಾವಂಚದ ತಟ್ಟಿ, ಎಲ್ಲದರ ತರ್ಕವೂ ಇದೇ. ಈಗ ಮೂವತ್ತು ನಲವತ್ತರ ಸೈಟಿನಲ್ಲಿ ಮಂಕಿ ಟಾಪ್ ಕಟ್ಟಿಸಿ ಎಂದು ನಾನು ಹೇಳುತ್ತಿಲ್ಲ. ಮೇದಾರರು ಹೆಣೆದ ಬಿದಿರಿನ ಪರದೆಯನ್ನು ಬಾಲ್ಕನಿಯ ಅಂಚಿಗೆ ಕಟ್ಟಬಹುದು. ನರ್ಸರಿಗಳಲ್ಲಿ ಗಿಡಗಳ ಮೇಲೆ ಹಾಸುವ ನೆರಳು ಬಲೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಗ್ರಿಲ್ಲಿನ ಹೊರಗೆ ಕೂರಿಸಬಹುದು. ಅನುಕೂಲವಿದ್ದವರು ಅಲ್ಯೂಮಿನಿಯಂ ಪಟ್ಟಿಗಳ ಬಾಗಿಲು ಮಾಡಿಸಬಹುದು. ರಸ್ತೆಬದಿಯಲ್ಲಿ ಹೊಂಗೆ ಇದ್ದರೆ ಅದಕ್ಕಿಂತ ಒಳ್ಳೆಯ ಪರದೆ ಇಲ್ಲ. ಮಾಘ ಫಾಲ್ಗುಣದಲ್ಲಿ ಎಲೆ ಉದುರಿಸಿ, ಬಿಸಿಲು ಬಲಿಯುವ ಹೊತ್ತಿಗೆ ಸರಿಯಾಗಿ ದಟ್ಟ ಹಸಿರಾಗುತ್ತದೆ. ಅದನ್ನು ಕಾರ್ ನಿಲ್ಲಿಸಲು ಕಡಿಸಿ ಆಮೇಲೆ ಬ್ಲ್ಯಾಕೌಟ್ ಕೊಳ್ಳುವವರಿಗೆ ಏನು ಹೇಳಬೇಕೋ ತಿಳಿಯದು.

ಹೊರಗೆ ಹಾಕಿದ್ದು ಮಳೆಗಾಳಿಗೆ ಹಾಳಾಗುತ್ತದೆ, ಧೂಳು ಕೂರುತ್ತದೆ, ಪಾರಿವಾಳ ಗೂಡು ಕಟ್ಟುತ್ತದೆ ಎಂಬ ಆಕ್ಷೇಪ ನಿಜವಾದದ್ದೇ. ಬಿದಿರು ಮಳೆಗೆ ಸಿಕ್ಕರೆ ಹೆಚ್ಚು ವರ್ಷ ಬಾಳುವುದಿಲ್ಲ. ಆದರೆ ಎಷ್ಟು ಕಿಟಕಿಗೆ ಹೊರಪರದೆ ಬೇಕು ಎಂದು ಎಣಿಸಿದರೆ ಈ ಆಕ್ಷೇಪ ಕುಗ್ಗುತ್ತದೆ. ಮೂವತ್ತು ನಲವತ್ತರ ಸೈಟುಗಳ ಸಾಲಿನಲ್ಲಿ ಅಕ್ಕಪಕ್ಕದ ಕಿಟಕಿಗಳ ಎದುರಿಗೆ ನಾಲ್ಕೈದು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ ಇರುತ್ತದೆ, ನೆಲಮಹಡಿಯಲ್ಲಿ ಅಲ್ಲಿಗೆ ಬಿಸಿಲೇ ಬರುವುದಿಲ್ಲ. ಅಲ್ಲಿ ಬೇಕಾದದ್ದು ಮರೆ ಮಾತ್ರ, ಅದಕ್ಕೆ ತೆಳು ಹತ್ತಿ ಬಟ್ಟೆ ಸಾಕು. ದಕ್ಷಿಣದ ಕಿಟಕಿಗೆ ಸಜ್ಜಾ ಬಹುಮಟ್ಟಿಗೆ ಸಾಲುತ್ತದೆ. ಡಿಸೆಂಬರಿನಲ್ಲಿ ಒಳಬರುವ ಬಿಸಿಲು ಹಿತವೇ. ಉತ್ತರಕ್ಕೆ ಮೇ ತಿಂಗಳಿಂದ ಜುಲೈವರೆಗೆ ಓರೆಬಿಸಿಲು ಬಿದ್ದರೂ ಅರ್ಧ ಕಾಲ ಮೋಡ. ಪೂರ್ವಕ್ಕೆ ಬೀಳುವ ಬಿಸಿಲು ಪಶ್ಚಿಮದಷ್ಟೇ ಚುರುಕು, ಆದರೆ ಬೆಳಗ್ಗೆ ಗೋಡೆ, ಗಾಳಿ ಎರಡೂ ತಣ್ಣಗಿರುವುದರಿಂದ ಮನೆ ತಡೆದುಕೊಳ್ಳುತ್ತದೆ. ಉಳಿಯುವುದು ಪಶ್ಚಿಮ, ಅದರಲ್ಲೂ ಮೇಲ್ಮಹಡಿ. ವಾಸ್ತುವಿನ ಲೆಕ್ಕದಲ್ಲಿ ವೆಸ್ಟ್ ಫೇಸಿಂಗ್ ಸೈಟು ಸ್ವಲ್ಪ ಅಗ್ಗಕ್ಕೆ ಸಿಕ್ಕಿರುತ್ತದೆ, ಉಳಿದ ದುಡ್ಡಿನಲ್ಲಿ ಒಂದು ಪಾಲು ಹೊರಪರದೆಗೆ ಇಡಬಹುದು. ಎಲ್ಲ ಕಿಟಕಿಗೂ ಬ್ಲ್ಯಾಕೌಟ್ ಹಾಕಿಸುವ ಖರ್ಚಿನಲ್ಲಿ ಎರಡು ಮೂರು ಕಿಟಕಿಗೆ ಗಟ್ಟಿಯಾದ ಹೊರತಡೆ ಖಂಡಿತ ಆಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಬಿಗಿಯಾದದ್ದು: ಇದರಿಂದ ಉಳಿಯುವ ಕರೆಂಟು ಎಷ್ಟು? ಪ್ರಾಮಾಣಿಕ ಉತ್ತರ, ಬಹಳವಿಲ್ಲ. ಮೇಲೆ ಹೇಳಿದ ಕಿಟಕಿಯಿಂದ ಬರುವ ಶಾಖವನ್ನು ಏಸಿ ಹೊರಹಾಕಲು ದಿನಕ್ಕೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ಬೇಸಿಗೆಯ ತಿಂಗಳಿಗೆ ಹದಿನೈದಿಪ್ಪತ್ತು ಯೂನಿಟ್. ರಾಜ್ಯ ಸರ್ಕಾರದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತವಿರುವಾಗ ಯಾರು ಕೇಳುತ್ತಾರೆ ಎನ್ನಬಹುದು. ಆದರೆ 2023ರ ಜುಲೈಯಿಂದ ನಡೆದಿರುವ ಆ ಯೋಜನೆಯಲ್ಲಿ ಬಳಕೆ 200 ದಾಟಿತೆಂದರೆ ಇಡೀ ಬಿಲ್ಲನ್ನು ಕಟ್ಟಬೇಕು. 190ರ ಆಸುಪಾಸಿನಲ್ಲಿರುವ ಮನೆಗೆ ಏಪ್ರಿಲ್, ಮೇ ತಿಂಗಳ ಹದಿನೈದು ಯೂನಿಟ್ ಎಂದರೆ ಸಾವಿರ ರೂಪಾಯಿ ಮೀರುವ ವ್ಯತ್ಯಾಸ. ಅದಕ್ಕಿಂತ ದೊಡ್ಡ ಉಳಿತಾಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಒಂದು ಟನ್ನಿನ ಏಸಿ ಹೊರಹಾಕಬಲ್ಲದ್ದು ಮೂರೂವರೆ ಕಿಲೋವ್ಯಾಟ್ ಶಾಖ; ಅದರ ಐದರಲ್ಲಿ ಒಂದು ಪಾಲನ್ನು ಒಂದೇ ಕಿಟಕಿ ನುಂಗುತ್ತದೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಈ ಊರಿನಲ್ಲಿ ಏಸಿಯೇ ಬೇಡವೆಂದು ನಾನು ಹೇಳಲಾರೆ. ಆದರೆ ಪಶ್ಚಿಮದ ಗಾಜಿಗೆ ನೆರಳು ಮಾಡಿ, ಫ್ಯಾನಿನಲ್ಲೇ ಸಂಜೆ ಕಳೆಯಲಾಗುತ್ತದೆಯೇ ಎಂದು ಒಂದು ಬೇಸಿಗೆ ನೋಡಿ ಆಮೇಲೆ ಏಸಿ ಕೊಳ್ಳುವುದು ವಿವೇಕ.

ಫ್ಯಾನಿನ ಮಾತು ಗಾಳಿಯ ಮಾತಿಗೆ ತರುತ್ತದೆ, ಬ್ಲ್ಯಾಕೌಟಿನ ಮೇಲಿನ ನನ್ನ ದೊಡ್ಡ ದೂರು ಇರುವುದೂ ಇಲ್ಲಿ. ಏಪ್ರಿಲ್‌ನಲ್ಲಿ ಹಗಲು ಸರಾಸರಿ 34 ಡಿಗ್ರಿ ಇದ್ದರೂ ರಾತ್ರಿ 22ರ ಹತ್ತಿರಕ್ಕೆ ಇಳಿಯುತ್ತದೆ. ಮದ್ರಾಸಿಗೆ ಇಲ್ಲದ ಭಾಗ್ಯ ಇದು. ಸಹಕಾರನಗರದ ಪಕ್ಕದಲ್ಲೇ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಹಸಿರು, ಆಚೆಗೆ ಹೆಬ್ಬಾಳ, ಜಕ್ಕೂರು ಕೆರೆಗಳು. ಕಾದ ಗೋಡೆಯನ್ನು ಪುಕ್ಕಟೆ ತಣಿಸುವ ಈ ರಾತ್ರಿಯ ಗಾಳಿ ಒಳಗೆ ಬರಬೇಕಾದ ದಾರಿಯಲ್ಲಿ ಏನೇನಿವೆ ನೋಡಿ. ಎರಡು ಹಳಿಯ ಯುಪಿವಿಸಿ ಸ್ಲೈಡಿಂಗ್ ಕಿಟಕಿ ತೆರೆಯುವುದೇ ಅರ್ಧ, ಆ ಅರ್ಧಕ್ಕೆ ಸೊಳ್ಳೆ ಮೆಶ್, ಅದರ ಮೇಲೆ ನೆಲ ಮುಟ್ಟುವ ದಪ್ಪ ರಬ್ಬರ್ ಲೇಪದ ಬಟ್ಟೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ತಂದ ‘ಇಕೋ ನಿವಾಸ್ ಸಂಹಿತೆ’ ನಮ್ಮಂಥ ಸಮಶೀತೋಷ್ಣ ಹವೆಯಲ್ಲಿ ಮನೆಯ ನೆಲದ ಅಳತೆಯ ಶೇ 12.5ರಷ್ಟಾದರೂ ತೆರೆಯಬಲ್ಲ ಕಿಂಡಿ ಇರಬೇಕೆನ್ನುತ್ತದೆ. ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ, ಸಣ್ಣ ಸೈಟಿನವರಿಗೆ ಅದು ಕಟ್ಟುಪಾಡಲ್ಲ. ಆದರೂ ಅಳತೆಗೋಲಾಗಿ ಹಿಡಿದರೆ, ಹತ್ತು ಹನ್ನೆರಡಡಿಯ ಕೋಣೆಗೆ 15 ಚದರಡಿ ಬೇಕು, ನಮ್ಮ ಸ್ಲೈಡಿಂಗ್ ಕಿಟಕಿ ಕೊಡುವುದು ಹತ್ತು. ಅದನ್ನೂ ಪರದೆ ಮುಚ್ಚಿದರೆ ರಾತ್ರಿಯ ತಂಪು ಹೊರಗೇ ಉಳಿಯುತ್ತದೆ. ಮಳೆಗಾಲದ ಗಾಳಿ ಬೀಸುವುದೂ ಪಶ್ಚಿಮದಿಂದಲೇ, ಆದ್ದರಿಂದ ಅಲ್ಲಿನ ಕಿಟಕಿಯನ್ನು ಗೋಡೆಯನ್ನಾಗಿ ಮಾಡುವುದು ಎರಡು ಪಟ್ಟು ನಷ್ಟ. ಮಲಗಲು ಕತ್ತಲೆ ಬೇಕು, ಎದುರು ಮನೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎನ್ನುವವರು ಮಲಗುವ ಕೋಣೆಗೆ ಮಾತ್ರ ಬಿಳಿ ಹಿಂಬದಿಯ ದಪ್ಪ ಪರದೆ ಹಾಕಲಿ, ಗೋಡೆಯ ಆಚೀಚೆ ಪೂರ್ತಿ ಸರಿಯುವಷ್ಟು ರಾಡು ಉದ್ದವಿರಲಿ.

ಇಷ್ಟು ಹೊತ್ತು ಶಾಖದ ಮಾತಾಯಿತು. ಅಂಗಡಿಯಲ್ಲಿ ಯಾರೂ ಎತ್ತದ ಮಾತು ದಾರದ್ದು. ರೋಲರ್, ಝೀಬ್ರಾ ಬ್ಲೈಂಡುಗಳನ್ನು ಏರಿಸಿ ಇಳಿಸಲು ಪಕ್ಕದಲ್ಲಿ ಒಂದು ಮಣಿಸರ ಕುಣಿಕೆಯಾಗಿ ನೇತಾಡುತ್ತದೆ. ಕಿಟಕಿಯ ಕೆಳಗೆ ದಿವಾನ, ಅದರ ಮೇಲೆ ಹತ್ತಿ ಹೊರಗಿನ ನಾಯಿ, ಹಸು ನೋಡುವ ಎರಡು ವರ್ಷದ ಮಗು. ಕೊರಳು ಸಿಕ್ಕಿಕೊಂಡರೆ ಒಂದು ನಿಮಿಷದೊಳಗೆ, ಸದ್ದಿಲ್ಲದೆ, ಪ್ರಾಣ ಹೋಗಬಹುದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸುತ್ತ ಬಂದಿದೆ. ಅಲ್ಲಿ ವರ್ಷಕ್ಕೆ ಸರಾಸರಿ ಒಂಬತ್ತು ಪುಟ್ಟ ಮಕ್ಕಳು ಹೀಗೆ ಸಾಯುತ್ತಿದ್ದರು. 2018ರ ಡಿಸೆಂಬರಿನಿಂದ ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ಬ್ಲೈಂಡುಗಳಿಗೆ ಅಲ್ಲಿ ಕೈಗೆಟಕುವ ದಾರವೇ ಇರಬಾರದೆಂಬ ಮಾನದಂಡ ಬಂತು. ಆಸ್ಟ್ರೇಲಿಯದ 2014ರ ಕಡ್ಡಾಯ ನಿಯಮ ನೆಲದಿಂದ 1600 ಮಿಲಿಮೀಟರ್‌ಗಿಂತ ಕೆಳಗೆ 220 ಮಿಲಿಮೀಟರಿನ ಸಡಿಲ ಕುಣಿಕೆ ಆಗಕೂಡದು ಎನ್ನುತ್ತದೆ. ನಾನು ಹೊಗಳಿದ ಬಿದಿರಿನ ಚಿಕ್‌ಗೂ ಎಳೆಯುವ ಹಗ್ಗವಿದೆ, ಅದಕ್ಕೂ ಈ ಅಳತೆಯೇ ಸಲ್ಲಬೇಕು: ಹಗ್ಗವನ್ನು ಆ 1600 ಮಿಲಿಮೀಟರ್‌ಗಿಂತ ಮೇಲೆ ಕೊಕ್ಕೆಗೆ ಸುತ್ತಿಡಬೇಕು. ರಿಂಗುಗಳ ಮೇಲೆ ಸರಿಯುವ ಸಾದಾ ಬಟ್ಟೆಯ ಪರದೆ ಈ ವಿಷಯದಲ್ಲಿ ಎಲ್ಲಕ್ಕಿಂತ ನಿರಪಾಯ, ಅಡುಗೆ ಒಲೆಯ ಪಕ್ಕ ಮತ್ತು ದೇವರ ದೀಪದ ಹತ್ತಿರ ಬಿಟ್ಟು. ಅಲ್ಲಿ ಪಾಲಿಯೆಸ್ಟರ್ ಸುಳಿಯಲೇಬಾರದು.

ಮಗುವನ್ನು ನೋಡಿಕೊಳ್ಳುವುದು ಹೆತ್ತವರ ಹೊಣೆ, ಪರದೆಯದಲ್ಲ ಎನ್ನುವವರಿದ್ದಾರೆ. ಒಂದು ನಿಮಿಷ ಎಂದರೆ ಹಾಲು ಉಕ್ಕಿತೆಂದು ಅಡುಗೆಮನೆಗೆ ಹೋಗಿ ಬರುವಷ್ಟು ಹೊತ್ತು, ಅಷ್ಟು ಹೊತ್ತು ಕಣ್ಣು ತಪ್ಪದ ಮನೆ ಇಲ್ಲ. ಈಗಾಗಲೇ ಬ್ಲೈಂಡು ಹಾಕಿಸಿದವರು ಎಲ್ಲ ಕಿತ್ತುಹಾಕಬೇಕಿಲ್ಲ. ಮಣಿಸರವನ್ನು ಬಿಗಿಯಾಗಿ ಹಿಡಿದು ಗೋಡೆಗೆ ಸೇರಿಸುವ ಪುಟ್ಟ ಪ್ಲಾಸ್ಟಿಕ್ ಹಿಡಿಕೆ ಸಿಗುತ್ತದೆ, ಎರಡು ಸ್ಕ್ರೂ ಸಾಕು. ನಿಮ್ಮ ಮನೆಯಲ್ಲಿ ಅದು ಗೋಡೆಯ ಮೇಲಿದೆಯೋ, ಇಲ್ಲ ಮಣಿಸರದಲ್ಲೇ ತೂಗಾಡುತ್ತಿದೆಯೋ ಇವತ್ತೇ ನೋಡಿ. ತೂಗಾಡುತ್ತಿದ್ದರೆ ದಿವಾನವನ್ನು ಕಿಟಕಿಯಿಂದ ದೂರ ಸರಿಸಿ, ಸ್ಕ್ರೂ ಹಾಕುವವರನ್ನು ಕರೆಸಿ. ಬಿಸಿಲಿನ ವಿಷಯ ಮುಂದಿನ ಬೇಸಿಗೆಯ ತನಕ ಕಾಯಬಹುದು, ಇದು ಕಾಯುವಂಥದ್ದಲ್ಲ.