ಫಣಿಯಮ್ಮ: ಮನೆಯ ಹಿರಿಯಜ್ಜಿಯನ್ನು ಸಂತಳಾಗಿಸಿದ್ದರ ಲಾಭನಷ್ಟ

ಎಂ.ಕೆ. ಇಂದಿರಾ ಬರೆಯಲು ಕೂತದ್ದು ನಲವತ್ತು ದಾಟಿದ ಮೇಲೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮದುವೆಯಾಗಿ, ಓದು ಅಲ್ಲಿಗೇ ನಿಂತು, ಸಂಸಾರ ತೂಗಿಸಿದ ಮೇಲೆ ಪೆನ್ನು ಹಿಡಿದರು. ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ. ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ ಮೇಲೆ ಅವರ ಹೆಸರು ಊರೂರಿಗೆ ಹಬ್ಬಿತು. ಆದರೂ ಇವತ್ತು ಇಂದಿರಾ ಎಂದರೆ ಓದುಗರಿಗೆ ಮೊದಲು ನೆನಪಾಗುವುದು 1976ರ ‘ಫಣಿಯಮ್ಮ’. ಅದರಲ್ಲಿ ಕಥೆ ಕಟ್ಟುವ ಜಾಣತನ ಅಷ್ಟೇನೂ ಇಲ್ಲ. ಇರುವುದು ತಮ್ಮದೇ ಮನೆತನದ ಹಿರಿಯಜ್ಜಿಯೊಬ್ಬಳ ಬದುಕು. 1840ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ, ನೂರಹನ್ನೆರಡು ವರ್ಷ ಬಾಳಿದ ಬಾಲವಿಧವೆಯ ಬದುಕು.

ಪುಸ್ತಕವನ್ನು ಹೊಗಳಿದವರು ಬಹಳ. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಮೇಲೆ ಕಾಲೇಜಿನ ಪಾಠದ ಕೋಣೆಗಳಲ್ಲೂ ಅದಕ್ಕೆ ಜಾಗ ಸಿಕ್ಕಿತು. ಹೊಗಳಿಕೆಯಲ್ಲಿ ಮತ್ತೆ ಮತ್ತೆ ಕೇಳುವ ಮಾತು ಒಂದೇ: ಫಣಿಯಮ್ಮ ಮಹಾಸಾಧ್ವಿ, ಮೌನದ ಮೂರ್ತಿ, ಹೆಚ್ಚುಕಡಿಮೆ ಋಷಿ. ಆ ಮಾತನ್ನು ಸ್ವಲ್ಪ ಅನುಮಾನದಿಂದ ನೋಡಬೇಕಾಗಿದೆ. ಏಕೆಂದರೆ ಈ ಕಾದಂಬರಿಯ ಒಳ್ಳೆಯ ಪುಟಗಳಲ್ಲಿರುವ ಹೆಂಗಸು ಸಾಧ್ವಿಗಿಂತ ಹೆಚ್ಚಾಗಿ ಹಟಮಾರಿ. ತನ್ನ ಹಟವನ್ನು ಯಾರಿಗೂ ಕಾಣದಂತೆ ನಡೆಸಿಕೊಂಡವಳು.

ಅವಳ ಕೈಯಲ್ಲಿ ಏನಿತ್ತು ಎಂದು ನೋಡಿದರೆ ಆ ಹಟದ ಬೆಲೆ ತಿಳಿಯುತ್ತದೆ. ಒಂಬತ್ತಕ್ಕೆ ಮದುವೆ. ಕೆಲವೇ ದಿನಗಳಲ್ಲಿ ಹುಡುಗ ಗಂಡ ನಂಜುಂಡ ಹಾವು ಕಚ್ಚಿ ಸಾಯುತ್ತಾನೆ. ಮೈನೆರೆದ ಮೇಲೆ ತಲೆ ಬೋಳಿಸುತ್ತಾರೆ. ಅಲ್ಲಿಂದ ಮುಂದೆ ಒಪ್ಪೊತ್ತಿನ ಊಟ, ಮಡಿ, ಮದುವೆ ಮುಂಜಿ ಬಂದರೆ ಒಳಗೋಡೆಯ ಹಿಂದಿನ ಜಾಗ. ಆಸ್ತಿಯಿಲ್ಲ, ಮಕ್ಕಳಿಲ್ಲ, ಸೊಸೆಯ ಮೇಲೆ ಜೋರು ಮಾಡುವ ಅತ್ತೆಯ ಅಧಿಕಾರವೂ ಇಲ್ಲ. ಇಂಥವಳನ್ನು ಮನೆಯ ಯಜಮಾನ್ತಿ ಎಂದು ಯಾವ ಲೆಕ್ಕದಲ್ಲಿ ಕರೆಯುವುದು? ಆದರೂ ತೀರ್ಥಹಳ್ಳಿ ಸೀಮೆಯ ಆ ದೊಡ್ಡ ಮನೆ ನಡೆದದ್ದು ಅವಳಿಂದ. ಬಾಣಂತನ, ಮಕ್ಕಳ ಮದ್ದು, ಹಬ್ಬದ ಅಡಿಗೆ, ಸಂಡಿಗೆ ಹಪ್ಪಳ ಎಲ್ಲಕ್ಕೂ ಅವಳ ಕೈ ಬೇಕು. ಅವಳ ಕೈ ಬೇಕಿತ್ತು, ಮುಖ ಬೇಕಿರಲಿಲ್ಲ. ಈ ವಿಪರ್ಯಾಸವನ್ನು ಇಂದಿರಾ ಭಾಷಣ ಮಾಡದೆ, ಬರೀ ಮನೆಗೆಲಸದ ವಿವರಗಳಿಂದಲೇ ಮೂಡಿಸುತ್ತಾರೆ. ಕಾದಂಬರಿಯ ಗದ್ಯ ಸಂಪೂರ್ಣ ಬಾಯಿಮಾತಿನದು. ಹಿತ್ತಿಲ ಕಟ್ಟೆಯ ಮೇಲೆ ಕೂತ ಹೆಂಗಸರು ಒಂದು ಕಥೆಯೊಳಗೆ ಇನ್ನೊಂದು ಕಥೆ ಎತ್ತಿಕೊಂಡು ಹೋಗುವ ಹಾಗೆ. ಕೆಲವು ಪಂಡಿತರಿಗೆ ಇದು ಸಡಿಲ ಬಂಧ ಎನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಬದುಕು ಗಂಡಸರ ಕಾಗದಪತ್ರಗಳಲ್ಲಿ ಎಲ್ಲೂ ದಾಖಲಾಗದೆ ಹೀಗೆ ಬಾಯಿಂದ ಬಾಯಿಗೇ ಉಳಿದು ಬಂದದ್ದು. ಫಣಿಯಮ್ಮ ಹೇಳಿದ್ದನ್ನು ಇಂದಿರಾ ಅವರ ತಾಯಿ ಬನಶಂಕರಿ ಕೇಳಿಸಿಕೊಂಡರು, ಅವರಿಂದ ಮಗಳಿಗೆ ಬಂತು. ಗದ್ಯ ಆ ದಾರಿಯನ್ನು ಮರೆಮಾಚುವುದಿಲ್ಲ. ಅದು ಅದರ ಪ್ರಾಮಾಣಿಕತೆ.

ಇಲ್ಲಿ ಇಸವಿಗಳ ಕಡೆ ಸ್ವಲ್ಪ ನೋಡಬೇಕು. ವಿಧವಾವಿವಾಹಕ್ಕೆ ಬ್ರಿಟಿಷ್ ಸರ್ಕಾರದ ಕಾಯಿದೆ ಬಂದದ್ದು 1856ರಲ್ಲಿ. ಆಗ ಫಣಿಯಮ್ಮನಿಗೆ ಹದಿನಾರು. ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯುವ ರೆಗ್ಯುಲೇಷನ್ ತಂದದ್ದು 1894ರಲ್ಲಿ. ಅದು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು. ಅಂದರೆ ದೇಶದಲ್ಲೇ ಮುಂದಿದೆ ಎಂದು ಹೊಗಳಿಸಿಕೊಂಡ ಆ ಕಾನೂನು ಅರ್ಧ ಶತಮಾನ ಮೊದಲೇ ಬಂದಿದ್ದರೂ ಒಂಬತ್ತರ ಫಣಿಯ ಮದುವೆ ತಪ್ಪುತ್ತಿರಲಿಲ್ಲ! ಹೆಣ್ಣಿಗೆ ಹದಿನಾಲ್ಕು ಎಂದು ಶಾರದಾ ಕಾಯಿದೆ ಹೇಳಿದ್ದು 1929ರಲ್ಲಿ, ಅವಳಿಗೆ ತೊಂಬತ್ತರ ಹತ್ತಿರ. ಹಿಂದೂ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಒಂದಿಷ್ಟು ಹಕ್ಕು ಕೊಟ್ಟ ಮೈಸೂರಿನ ಕಾಯಿದೆ 1933ರದು. ಒಬ್ಬಳೇ ಹೆಂಗಸು ಈ ಎಲ್ಲ ಸುಧಾರಣೆಗಳನ್ನೂ ದಾಟಿ ಬಾಳಿದಳು. ಒಂದೂ ಅವಳ ನಡುಮನೆಯ ಹೊಸಿಲು ದಾಟಿ ಬರಲಿಲ್ಲ. ಕಾದಂಬರಿಯಲ್ಲಿ ಈ ಕಾನೂನುಗಳ ಸದ್ದು ಕಡಿಮೆ ಎಂದು ಆಕ್ಷೇಪಿಸಬಹುದು. ಆದರೆ ಆ ಅಡಿಗೆಮನೆಗೆ ಅವುಗಳ ಸದ್ದು ನಿಜವಾಗಿಯೂ ಕೇಳಿಸಿರಲಿಲ್ಲ ಎನ್ನುವುದೇ ಹೆಚ್ಚು ಸರಿ.

ಹಾಗಿದ್ದರೆ ಬದಲಾವಣೆ ಎಲ್ಲಿಂದ ಬಂತು? ಪುಸ್ತಕದ ಎರಡು ಪ್ರಸಂಗಗಳು ಇದಕ್ಕೆ ಉತ್ತರ ಕೊಡುತ್ತವೆ. ಅದರ ಜೀವ ಇರುವುದೂ ಅಲ್ಲೇ.

ಮೊದಲನೆಯದು ಸಿಂಕಿಯ ಹೆರಿಗೆ. ಅಸ್ಪೃಶ್ಯ ಜಾತಿಯ ಹೆಣ್ಣು, ಹೆರಿಗೆಯಾಗದೆ ಸಾಯುವ ಸ್ಥಿತಿ. ಮಡಿಯ ಮುದುಕಿ ಫಣಿಯಮ್ಮ ಮನೆಯವರಿಗೆ ಸುಳಿವು ಕೊಡದೆ ಹೋಗಿ ಹೆರಿಗೆ ಮಾಡಿಸಿ ಬರುತ್ತಾಳೆ. ತನ್ನ ಮಡಿಯನ್ನು ಅವಳು ಬಿಡುವುದಿಲ್ಲ. ಮುಟ್ಟಬಾರದವರನ್ನು ಮುಟ್ಟಿ, ಮತ್ತೆ ಮಡಿಗೆ ಮರಳುತ್ತಾಳೆ. ಇದನ್ನು ಕ್ರಾಂತಿ ಎಂದವರಿದ್ದಾರೆ. ಹಾಗೆ ಹೇಳುವುದು ಅವಸರದ ಮಾತು. ಗುಟ್ಟಾಗಿ ಮಾಡಿದ್ದು ಊರಿನ ಕಟ್ಟಳೆಯನ್ನು ಒಂದಿಷ್ಟೂ ಅಲ್ಲಾಡಿಸುವುದಿಲ್ಲ. ಆದರೆ ಫಣಿಯಮ್ಮ ಎಂಥವಳು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಬಾಯಿಬಿಟ್ಟು ಯಾರನ್ನೂ ಎದುರಿಸದವಳು, ಕೈ ಹಾಕಬೇಕಾದ ಹೊತ್ತಿಗೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಪ್ರಸಂಗದ ಕೊರತೆ ಬೇರೆ ಕಡೆ ಇದೆ. ಸಿಂಕಿ ಇಲ್ಲಿ ನೋವು ತಿನ್ನುವ ಒಂದು ದೇಹ ಮಾತ್ರ. ಆ ಮುದುಕಿಯ ಕೈ ಅವಳ ಬದುಕಿನಲ್ಲಿ ಏನಾಗಿ ಉಳಿಯಿತು ಎಂದು ಲೇಖಕಿ ಅಷ್ಟು ಆಳವಾಗಿ ವಿಚಾರಿಸುವುದಿಲ್ಲ. ದೇವನೂರ ಮಹಾದೇವರ ‘ಒಡಲಾಳ’ ಓದಿ ಬಂದವರಿಗೆ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುವ ಸಾಕವ್ವ ತನ್ನ ಮಾತು, ಬೈಗುಳ, ಹಸಿವು ಎಲ್ಲದರ ಸಮೇತ ಒಂದು ಸಂಸಾರದ ನಡುಗಂಬವಾಗಿ ನಿಂತಿದ್ದಾಳೆ. ಅವಳನ್ನು ಯಾರೂ ಹೊರಗಿನಿಂದ ಬಂದು ಉದ್ಧಾರ ಮಾಡಬೇಕಿಲ್ಲ.

ಎರಡನೆಯದು ದಾಕ್ಷಾಯಿಣಿಯ ಕಥೆ. ಚಿಕ್ಕ ವಯಸ್ಸಿಗೆ ಗಂಡ ಸತ್ತವಳು, ತಲೆ ಕೊಡುವುದಿಲ್ಲ ಎನ್ನುತ್ತಾಳೆ. ಮೈದುನನಿಂದ ಬಸಿರಾಗುತ್ತಾಳೆ. ಊರು, ಮನೆ ಎಲ್ಲ ಒಟ್ಟಾಗಿ ಮೇಲೆ ಬಿದ್ದಾಗ ಅವಳ ಪರ ನಿಲ್ಲುವವಳು ಫಣಿಯಮ್ಮ. ಬಾಳಿಡೀ ಕಟ್ಟಳೆಯನ್ನು ಮೀರದೆ ನಡೆದ ವಿಧವೆ, ಒಂದು ದಿನವೂ ಅದಕ್ಕೆ ತಲೆಬಾಗದವಳ ಪರ. ಕನ್ನಡ ಕಾದಂಬರಿಯಲ್ಲಿ ಎರಡು ತಲೆಮಾರಿನ ವಿಧವೆಯರು ಹೀಗೆ ಎದುರುಬದುರು ನಿಂತದ್ದು ಅಪರೂಪ. ಫಣಿಯಮ್ಮನಿಗೆ ಹೊಟ್ಟೆಕಿಚ್ಚು ಆಗಬಹುದಿತ್ತು. ತಾನು ಕಳೆದುಕೊಂಡದ್ದು ಇವಳಿಗೇಕೆ ಸಿಗಬೇಕು ಎನ್ನಬಹುದಿತ್ತು. ಅನೇಕ ಅತ್ತೆಯರು, ಅಜ್ಜಿಯರು ಅದನ್ನೇ ಮಾಡಿದ್ದಾರೆ. ಅವಳು ಮಾಡಲಿಲ್ಲ. ಆದರೆ ತನ್ನ ಬೋಳಿಸಿದ ತಲೆಯ ಬಗ್ಗೆ ಅವಳಿಗೆ ಆ ಕ್ಷಣದಲ್ಲಿ ಏನನ್ನಿಸಿತು? ಸಿಟ್ಟು ಬಂತೇ? ವ್ಯರ್ಥ ಅನ್ನಿಸಿತೇ? ಇದಕ್ಕೆ ಬೇಕಾದಷ್ಟು ಪುಟಗಳನ್ನು ಇಂದಿರಾ ಕೊಡುವುದಿಲ್ಲ. ಅಜ್ಜಿಯ ಔದಾರ್ಯಕ್ಕೆ ಕೈಮುಗಿದು ಮುಂದೆ ಹೋಗುತ್ತಾರೆ. ಕೈಮುಗಿಯುವ ಈ ಚಪಲವೇ ಪುಸ್ತಕದ ದೊಡ್ಡ ದೋಷ.

ಯಾಕೆ ದೋಷ? ತಲೆ ಬೋಳಿಸಿದ ಮನೆಯೇ ಮುಂದೊಂದು ದಿನ ಅವಳನ್ನು ದೇವತೆ ಎನ್ನುತ್ತದೆ. ದೇವತೆ ಎಂದ ಕೂಡಲೇ ಲೆಕ್ಕ ಚುಕ್ತಾ ಆಗಿಬಿಡುತ್ತದೆ. ಅವಳಿಗೆ ಆಸೆಯೇ ಇರಲಿಲ್ಲ, ಎಲ್ಲವನ್ನೂ ಗೆದ್ದವಳು ಎಂದರೆ ಕಸಿದುಕೊಂಡವರ ತಪ್ಪೇನು ಉಳಿಯಿತು? ಚಿಕ್ಕವಳಿದ್ದಾಗ ಕಂಡ ಒಂದು ಕಳ್ಳ ಪ್ರಣಯದ ನೋಟದಿಂದ ಫಣಿಯಮ್ಮನಿಗೆ ಗಂಡು ಹೆಣ್ಣಿನ ಸಂಬಂಧವೇ ಹೇಸಿಗೆಯಾಯಿತು ಎಂದು ಕಾದಂಬರಿ ಕಾರಣ ಕೊಡುತ್ತದೆ. ಆಗಿರಬಹುದು. ಆದರೆ ಇಂಥ ಕಾರಣ ಮನೆತನಕ್ಕೆ ಬಹಳ ಅನುಕೂಲದ್ದು ಎಂಬುದನ್ನೂ ಓದುಗರು ಗಮನಿಸಬೇಕು. ಬಲವಂತದ ಬ್ರಹ್ಮಚರ್ಯ ಹೀಗೆ ಸ್ವಂತ ಆಯ್ಕೆಯಾಗಿ ಕಾಣಲು ಶುರುವಾಗುತ್ತದೆ.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರದು. ಆ ಅಜ್ಜಿಯೂ ಬಾಲವಿಧವೆ. ಆದರೆ ಕಾರಂತರು ಆಕೆಯ ಬಾಯಿಗೆ ಮಾತು ಕೊಟ್ಟರು. ಕಾಮದ ಬಗ್ಗೆ, ದೇವರ ಬಗ್ಗೆ ಮೊಮ್ಮಗ ಸುಬ್ಬರಾಯ ಬೆಚ್ಚುವಂತೆ ಅವಳು ಮಾತಾಡುತ್ತಾಳೆ. ಅದರ ತೊಂದರೆ ಇನ್ನೊಂದು ಬಗೆಯದು: ಹಲವು ಪುಟಗಳಲ್ಲಿ ಮಾತು ಅಜ್ಜಿಯದೋ ಕಾರಂತರದೋ ಎಂಬ ಗುಮಾನಿ ಬರುತ್ತದೆ. ಇಂದಿರಾ ಆ ಮೋಸ ಮಾಡಲಿಲ್ಲ. ಅಜ್ಜಿ ಆಡದ ಮಾತನ್ನು ಅವಳ ಬಾಯಲ್ಲಿ ತುರುಕಲಿಲ್ಲ. ವಿಚಾರದ ಹರಹಿನಲ್ಲಿ ‘ಮೂಕಜ್ಜಿ’ ದೊಡ್ಡದು. ಒಬ್ಬ ನಿಜವಾದ ಮುದುಕಿಯ ಮೈ, ಕೈ, ದಿನಚರಿ ಬೇಕೆಂದರೆ ‘ಫಣಿಯಮ್ಮ’ನ ಬಳಿಗೇ ಹೋಗಬೇಕು.

ಗಟ್ಟಿಗಿತ್ತಿಯ ಇನ್ನೊಂದು ಮುಖಕ್ಕೆ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಗಂಗಮ್ಮನೂ ವಿಧವೆಯೇ, ಮನೆಗೆ ಹಿರಿಯಳೇ. ಛಲದಲ್ಲಿ ಯಾರಿಗೂ ಕಡಿಮೆಯಲ್ಲ. ಆ ಛಲ ಮನೆಯನ್ನು ಸುಟ್ಟುಹಾಕುತ್ತದೆ. ಮಕ್ಕಳಾದ ಚೆನ್ನಿಗರಾಯ, ಅಪ್ಪಣ್ಣಯ್ಯ ಅವಳ ಬೈಗುಳದಲ್ಲೇ ಬೆಳೆದು ಯಾವ ಕೆಲಸಕ್ಕೂ ಬಾರದವರಾಗುತ್ತಾರೆ. ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ಎಳೆಯುವ ಸೊಸೆ ನಂಜಮ್ಮ ಕೊನೆಗೆ ಪ್ಲೇಗಿಗೆ ಬಲಿಯಾಗುತ್ತಾಳೆ. ಭೈರಪ್ಪನವರು ಗಂಗಮ್ಮನಿಗೆ ಒಂದಿಷ್ಟೂ ರಿಯಾಯಿತಿ ತೋರಿಸುವುದಿಲ್ಲ. ಅವಳು ಹೀಗೇಕಾದಳು ಎಂದು ಹೆಚ್ಚು ಕೇಳುವುದೂ ಇಲ್ಲ. ಎರಡು ಕಾದಂಬರಿಗಳನ್ನು ಒಟ್ಟಿಗೆ ಓದಿದರೆ ಕನ್ನಡದ ಮನಸ್ಸು ಮನೆಯ ಹಿರಿಯಳನ್ನು ನೆನೆಯುವ ಎರಡು ದಾರಿಗಳು ಸ್ಪಷ್ಟವಾಗುತ್ತವೆ. ಒಂದೋ ಅವಳು ತುಳಸಿಕಟ್ಟೆ, ಇಲ್ಲವೇ ಮಾರಿ. ನಡುವಿನ ಹೆಂಗಸು, ಅಂದರೆ ಒಬ್ಬರ ಬಾಣಂತನ ಮಾಡಿ ಇನ್ನೊಬ್ಬರಿಗೆ ಊಟದ ಎಲೆಯಲ್ಲಿ ತಾರತಮ್ಯ ಮಾಡುವವಳು, ಎರಡರಲ್ಲೂ ಸರಿಯಾಗಿ ಸಿಗುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇದ್ದವಳು ಅವಳೇ.

ಈ ಚಾಳಿ ಕಾದಂಬರಿಗಷ್ಟೇ ಸೀಮಿತವಲ್ಲ. ಮನೆಮಂದಿ ಖಾಸಗಿಯಾಗಿ ಅಚ್ಚುಹಾಕಿಸಿ ವೈಕುಂಠ ಸಮಾರಾಧನೆಯ ದಿನ ಹಂಚುವ ನೆನಪಿನ ಪುಸ್ತಿಕೆಗಳನ್ನು ನೋಡಿದವರಿಗೆ ಇದು ಗೊತ್ತು. ಎಲ್ಲ ಅಜ್ಜಿಯರೂ ಕಷ್ಟಸಹಿಷ್ಣುಗಳು, ಅನ್ನಪೂರ್ಣೆಯರು. ಅಡವಿಟ್ಟ ಒಡವೆ ಬಿಡಿಸಿಕೊಳ್ಳಲು ಯಾರೊಂದಿಗೆ ಜಗಳ ಆಡಿದರು, ಯಾವ ಸೊಸೆಯೊಂದಿಗೆ ಎಷ್ಟು ವರ್ಷ ಮಾತು ಬಿಟ್ಟರು, ಪಾಲಿನ ದಿನ ಯಾವ ಮಗನ ಕಡೆ ವಾಲಿದರು ಎನ್ನುವುದು ಒಂದರಲ್ಲೂ ಇರುವುದಿಲ್ಲ. ಬಂದವರು ಊಟಕ್ಕೆ ಕೂತಾಗ ಅದನ್ನೇ ಪಿಸುಗುಟ್ಟುತ್ತಾರೆ, ಅದು ಬೇರೆ ಮಾತು.

ಇಂದಿರಾ ಅವರ ಪುಸ್ತಕ ಇಂಥ ಪುಸ್ತಿಕೆಗಳಿಗಿಂತ ಎಷ್ಟೋ ಎತ್ತರದಲ್ಲಿದೆ. ಅದಕ್ಕೆ ಕಾರಣ ಲೇಖಕಿಗೆ ತನ್ನ ಮನೆತನದ ಕ್ರೌರ್ಯವನ್ನು ಬರೆಯುವ ಧೈರ್ಯ ಇತ್ತು. ಮಗುವಿನ ಮದುವೆಯ ಸಂಭ್ರಮವನ್ನು, ಬೋಳಿಸುವ ದಿನದ ನಿರ್ಲಿಪ್ತ ಏರ್ಪಾಟನ್ನು ಅವರು ಅಡಗಿಸಲಿಲ್ಲ. ಭಯವಾದದ್ದು ಒಂದಕ್ಕೇ: ಅಜ್ಜಿಯ ಸಿಟ್ಟಿಗೆ. ನೂರಹನ್ನೆರಡು ವರ್ಷದಲ್ಲಿ ಅವಳು ಒಮ್ಮೆಯೂ ಮನೆಯವರನ್ನು ಶಪಿಸಲಿಲ್ಲ ಎಂದು ನಂಬುವುದು ಕಷ್ಟ. ಶಪಿಸಿದ್ದರೂ ಬನಶಂಕರಿಯವರ ಮುಂದೆ ಹೇಳಿರಲಿಕ್ಕಿಲ್ಲ. ಹೇಳಿದ್ದರೂ ಅವರು ಮಗಳಿಗೆ ದಾಟಿಸಿರಲಿಕ್ಕಿಲ್ಲ. ಬಾಯಿಂದ ಬಾಯಿಗೆ ಬರುವ ಕಥೆ ಸೋಸಿಕೊಂಡೇ ಬರುತ್ತದೆ.

ಬಾಲವಿಧವೆ ತಾನೇ ಬರೆದರೆ ಏನಾಗುತ್ತಿತ್ತು? ಕನ್ನಡದಲ್ಲಿ ಅದಕ್ಕೂ ಉದಾಹರಣೆ ಇದೆ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬ ಹದಿನಾಲ್ಕಕ್ಕೆ ವಿಧವೆಯಾದರು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿ ‘ಸುಶೀಲೆ’ ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಅಕ್ಷರ ಕೈಗೆ ಬಂದದ್ದಕ್ಕೆ, ಓದಿಸುವ ತಂದೆ ಇದ್ದದ್ದಕ್ಕೆ ಅದು ಸಾಧ್ಯವಾಯಿತು. ಫಣಿಯಮ್ಮನಿಗೆ ಎರಡೂ ಇರಲಿಲ್ಲ. ಹಾಗಾಗಿ ಅವಳ ಛಲ ಅಡಿಗೆಮನೆ, ಬಾಣಂತಿಕೋಣೆಗಳಲ್ಲೇ ದಾರಿ ಹುಡುಕಿಕೊಳ್ಳಬೇಕಾಯಿತು.

ಪ್ರೇಮಾ ಕಾರಂತ ನಿರ್ದೇಶಿಸಿದ ‘ಫಣಿಯಮ್ಮ’ ಸಿನಿಮಾಕ್ಕೆ 1982ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಸಂಗೀತ ಬಿ.ವಿ. ಕಾರಂತರದು. ಫಣಿಯಮ್ಮನಾದವರು ಎಲ್.ವಿ. ಶಾರದಾ. ಇದೇ ಶಾರದಾ ದಶಕದ ಹಿಂದೆ ‘ವಂಶವೃಕ್ಷ’ದಲ್ಲಿ ಮರುಮದುವೆಯಾಗುವ ವಿಧವೆ ಕಾತ್ಯಾಯಿನಿಯಾಗಿದ್ದರು. ಆ ಚಿತ್ರವನ್ನು ಕಂಡಿದ್ದವರಿಗೆ ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡ ಈ ಮುಖ ಸುಮ್ಮನೆ ಸಾಧ್ವಿಯದಾಗಿ ಕಾಣಿಸಲಾರದು. ಕಾದಂಬರಿಯ ವಿಶೇಷಣಗಳನ್ನೆಲ್ಲ ಕ್ಯಾಮೆರಾ ತಾನಾಗಿ ಉದುರಿಸಿಬಿಡುತ್ತದೆ. ‘ಪವಿತ್ರಳು’ ಎಂದು ಹೇಳಲು ನಿರೂಪಕಿ ಇಲ್ಲದ ಕಡೆ ಉಳಿಯುವುದು ಒಬ್ಬ ಹೆಂಗಸಿನ ನೋಟ ಮತ್ತು ಕೆಲಸ. ಕಾದಂಬರಿಯ ಬಾಯಿಮಾತಿನ ಸೊಗಸು, ನಗು, ಉಪಕಥೆಗಳ ಸಂತೆ ಇಲ್ಲಿ ಕಳೆದುಹೋಗಿದೆ ನಿಜ. ಅಷ್ಟು ನಷ್ಟ ಸೈರಿಸಿಕೊಂಡರೆ, ಇಂದಿರಾ ಬರೆಯಲು ಹಿಂಜರಿದ ಸಿಟ್ಟನ್ನು ಶಾರದಾ ಅವರ ಬಿಗಿದ ತುಟಿಯಲ್ಲಿ ನೋಡುಗರು ತಾವಾಗಿ ಓದಿಕೊಳ್ಳಬಹುದು. ಪುಸ್ತಕ ಓದಿದವರು ಸಿನಿಮಾವನ್ನೂ ನೋಡಬೇಕು ಎನ್ನುವುದು ಈ ಒಂದು ಕಾರಣಕ್ಕೆ.