ರೆಟ್ರೋ ಕಣ್ಣಿಗೆ ಎಷ್ಟು ಕಂದು ಬೇಕು?

ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಮದುವೆ ಮೇಕಪ್ ಗೊತ್ತುಮಾಡಲು ಪಾರ್ಲರ್‌ಗೆ ಬರುವ ಹುಡುಗಿಯರಲ್ಲಿ ಕೆಲವರಾದರೂ ಈಗ ಮೊಬೈಲ್ ತೆಗೆದು ಹಳೆಯ ನಟಿಯೊಬ್ಬರ ಫೋಟೊ ತೋರಿಸುತ್ತಾರೆ. ಮುಹೂರ್ತಕ್ಕೆ ಮಾಮೂಲಿ ಅಲಂಕಾರ ಇರಲಿ, ಪ್ರೀ ವೆಡ್ಡಿಂಗ್ ಶೂಟ್‌ಗೋ ರಿಸೆಪ್ಷನ್‌ಗೋ ‘ರೆಟ್ರೋ ಲುಕ್’ ಬೇಕು ಎನ್ನುತ್ತಾರೆ. ಫೋಟೊದಲ್ಲಿರುವವರು ಲೀಲಾವತಿ ಆಗಿರಬಹುದು, ಕಲ್ಪನಾ ಅಥವಾ ಸರೋಜಾದೇವಿ ಆಗಿರಬಹುದು. ಪಾರ್ಲರ್‌ನವರು ಹೊರಗೆ ತೆಗೆಯುವ ಡಬ್ಬಿ ಮಾತ್ರ ಸಾಮಾನ್ಯವಾಗಿ ಒಂದೇ: ಹನ್ನೆರಡೋ ಹದಿನೆಂಟೋ ಕಂದು ಬಣ್ಣಗಳಿರುವ ‘ನ್ಯೂಡ್’ ಐಶ್ಯಾಡೋ ಪ್ಯಾಲೆಟ್. ಹಳೆಯ ಕಾಲದ ನೋಟಕ್ಕೆ ಕಂದು ಬಣ್ಣವೇ ಸರಿ ಎಂಬ ಈ ರೂಢಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಪ್ಯಾಲೆಟ್ ಆರಿಸುವ ರೀತಿಯಲ್ಲಿ ದೊಡ್ಡ ದೋಷವಿದೆ, ಅದು ನಮ್ಮ ಹುಡುಗಿಯರ ಮುಖದ ಮೇಲೆ ಎದ್ದು ಕಾಣುತ್ತಿದೆ.

ಮೊದಲು ಆ ಫೋಟೊಗಳನ್ನೇ ನೋಡೋಣ. ಲೀಲಾವತಿಯವರು ನೆಲಮಂಗಲ ತಾಲ್ಲೂಕಿನವರಿಗೆ ಬರೀ ತೆರೆಯ ಮೇಲಿನ ತಾರೆಯಲ್ಲ. ಸೋಲದೇವನಹಳ್ಳಿಯ ತೋಟದಲ್ಲಿ ಬದುಕಿ, ಊರಿಗೊಂದು ಆಸ್ಪತ್ರೆ ಕಟ್ಟಿಸಿಕೊಟ್ಟು, 2023ರ ಡಿಸೆಂಬರ್ 8ರಂದು ತೀರಿಕೊಂಡವರು. ಅವರ ನೆನಪಿನಿಂದಲೇ ಈ ಕಡೆಯ ಹುಡುಗಿಯರು ‘ರಾಣಿ ಹೊನ್ನಮ್ಮ’ (1960), ‘ಕಣ್ತೆರೆದು ನೋಡು’ (1961) ಕಾಲದ ಸ್ಥಿರಚಿತ್ರಗಳನ್ನು ಹುಡುಕಿ ತರುತ್ತಾರೆ ಎನ್ನುವುದು ನನಗೆ ಸಂತೋಷದ ವಿಷಯ. ಆದರೆ ಅವೆಲ್ಲ ಕಪ್ಪು ಬಿಳುಪಿನ ಚಿತ್ರಗಳು. ರೆಪ್ಪೆಯ ಮೇಲೆ ಹಚ್ಚಿದ್ದು ಕಂದೋ ನೀಲಿಯೋ ಹಸಿರೋ ಎಂದು ಅವುಗಳಿಂದ ತಿಳಿಯುವ ಹಾಗಿಲ್ಲ. ಸಿನಿಮಾದ ಆರಂಭದ ದಶಕಗಳ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ತುಟಿಗೆ ಕೆಂಪು ಹಚ್ಚಿದರೆ ತೆರೆಯ ಮೇಲೆ ಕಪ್ಪಾಗಿ ಮೂಡುತ್ತಿತ್ತು. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾಂಕ್ರೋಮ್ಯಾಟಿಕ್ ಫಿಲ್ಮ್ ಬಂದ ಮೇಲೂ ಬಣ್ಣ ಕೊನೆಗೆ ಬೂದಿಯ ಒಂದು ಛಾಯೆಯಾಗಿಯೇ ಉಳಿಯುತ್ತಿತ್ತು. ಹೀಗಾಗಿ ಅಂದಿನ ಮೇಕಪ್‌ಮನ್‌ಗಳ ಲೆಕ್ಕಾಚಾರವೆಲ್ಲ ಬೆಳಕು ಮತ್ತು ನೆರಳಿನದು. ರೆಪ್ಪೆ ತಿಳಿಯಾಗಿರಬೇಕು, ಅದರ ಮೇಲಿನ ಗುಳಿಯಲ್ಲಿ ನೆರಳು ಬೀಳಬೇಕು, ರೆಪ್ಪೆಗೂದಲ ಬುಡದಲ್ಲಿ ಕಪ್ಪು ಗೆರೆ ನಿಲ್ಲಬೇಕು. ಮೂರೇ ಮಾತು.

ಈ ದೃಷ್ಟಿಯಿಂದ ನೋಡಿದರೆ ಕಂದು ಪ್ಯಾಲೆಟ್ ಸರಿಯಾದ ಆಯ್ಕೆಯೇ. ಚರ್ಮದ ಮೇಲೆ ಸಹಜವಾಗಿ ಬೀಳುವ ನೆರಳಿನ ಬಣ್ಣ ಕಂದು. ಐವತ್ತು, ಅರವತ್ತರ ದಶಕದ ಕಪ್ಪು ಬಿಳುಪಿನ ಕಣ್ಣನ್ನು ಇವತ್ತಿನ ಬಣ್ಣದ ಕ್ಯಾಮೆರಾಕ್ಕೆ ತರಬೇಕಾದರೆ ಬೇರೆ ದಾರಿಯೂ ಕಡಿಮೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ಅದರ ನಾಯಕಿ ಬಿ. ಸರೋಜಾದೇವಿ. ಆಮೇಲೂ ಹಲವು ವರ್ಷ ಕಪ್ಪು ಬಿಳುಪೇ ನಡೆಯಿತು, ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ಕೂಡ ಕಪ್ಪು ಬಿಳುಪೇ. ‘ಶರಪಂಜರ’ (1971), ‘ನಾಗರಹಾವು’, ‘ಬಂಗಾರದ ಮನುಷ್ಯ’ (ಎರಡೂ 1972) ಬರುವ ಹೊತ್ತಿಗೆ ಬಣ್ಣ ತೆರೆಗೆ ಒಗ್ಗಿತ್ತು. ಎಪ್ಪತ್ತರ ದಶಕದಲ್ಲಿ ದೇಶದ ತೆರೆಯ ಮೇಲೂ ಲೋಕದ ಫ್ಯಾಷನ್ನಿನಲ್ಲೂ ರೆಪ್ಪೆಗೆ ನೀಲಿ, ಹಸಿರು ರಾಜಾರೋಷವಾಗಿ ಬಂದವು. ಎಪ್ಪತ್ತರ ಬಣ್ಣದ ಚಿತ್ರದ ನಾಯಕಿಯ ಹಾಗೆ ಕಾಣಬೇಕು ಎನ್ನುವವರಿಗೆ ಕಂದು ಪ್ಯಾಲೆಟ್ ತೆರೆಯುವುದು ತಪ್ಪು, ಅವರಿಗೆ ಬೇಕಾದದ್ದು ತಿಳಿ ನೀಲಿ. ಹುಡುಗಿ ತೋರಿಸಿದ ಫೋಟೊ ಯಾವ ದಶಕದ್ದು ಎಂದು ಕೇಳದೆ, ‘ರೆಟ್ರೋ’ ಎಂದ ಕೂಡಲೇ ಕಂದು ಡಬ್ಬಿಗೆ ಕೈಹಾಕುವುದು ಈ ರೂಢಿಯ ಮೊದಲ ದೋಷ.

ಎರಡನೆಯದು ದೊಡ್ಡದು. ಡಬ್ಬಿಯಲ್ಲಿರುವ ಕಂದು ಯಾರ ಚರ್ಮಕ್ಕೆಂದು ಮಾಡಿದ ಕಂದು? ಈಗ ಎಲ್ಲೆಲ್ಲೂ ಕಾಣುವ ಈ ಕಂದು ಪ್ಯಾಲೆಟ್‌ಗಳ ಅಲೆಯನ್ನು ಎಬ್ಬಿಸಿದ್ದು ಅಮೆರಿಕದ ಅರ್ಬನ್ ಡಿಕೇ ಕಂಪನಿ 2010ರಲ್ಲಿ ತಂದ ‘ನೇಕೆಡ್’. ಹನ್ನೆರಡು ಬಣ್ಣಗಳ ಆ ಡಬ್ಬಿಯನ್ನು 2018ರಲ್ಲಿ ನಿಲ್ಲಿಸಿದರೂ ಅದರ ಅಚ್ಚು ಉಳಿಯಿತು. ಮೇಬಲಿನ್‌ನಿಂದ ಹಿಡಿದು ಫ್ಯಾನ್ಸಿ ಸ್ಟೋರ್‌ನ ಹೆಸರಿಲ್ಲದ ಡಬ್ಬಿಯವರೆಗೆ ಅದೇ ಸಾಲು: ಎಡಗಡೆ ಬಿಳಿಚಿದ ಗುಲಾಬಿ, ತಿಳಿ ಚಿನ್ನ, ನಡುವೆ ಒಂದೆರಡು ಕಂದು, ಬಲಗಡೆ ಹೊಳೆಯುವ ಬೂದು. ಹನ್ನೆರಡರಲ್ಲಿ ಹೊಳಪಿಲ್ಲದವು ಬೆರಳೆಣಿಕೆಯಷ್ಟು. ಬೆಳ್ಳಗಿನ ಚರ್ಮದ ಮೇಲೆ ಇದೊಂದು ಸೌಮ್ಯವಾದ ನೆರಳಿನ ಸಾಲು. ಹೊಲ, ತೋಟ, ಮಗ್ಗದ ಮನೆಗಳಿಂದ ಬರುವ ನಮ್ಮ ಎಣ್ಣೆಗೆಂಪು, ಎಣ್ಣೆಗಪ್ಪು ಮುಖಗಳ ಮೇಲೆ ಮೊದಲ ನಾಲ್ಕು ಬಣ್ಣ ಸುಣ್ಣದ ಹಾಗೆ ಕೂರುತ್ತವೆ, ಕೊನೆಯ ಎರಡು ಬೂದಿಯಾಗುತ್ತವೆ.

ಇದಕ್ಕೆ ಕಾರಣ ಪುಡಿಯೊಳಗೇ ಇದೆ. ಐಶ್ಯಾಡೋದ ಕಂದು ಬರುವುದು ಹೆಚ್ಚಾಗಿ ಕಬ್ಬಿಣದ ಆಕ್ಸೈಡ್‌ಗಳಿಂದ: ಹಳದಿ, ಕೆಂಪು, ಕಪ್ಪು. ಈ ಮೂರನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಬೆಲ್ಲದಿಂದ ಹುಣಸೆಯವರೆಗಿನ ಎಲ್ಲ ಕಂದುಗಳೂ ಸಿಗುತ್ತವೆ. ತಿಳಿ ಮಾಡಲು ಸೇರಿಸುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ, ಜೊತೆಗೆ ಟಾಲ್ಕ್. ಬಿಳಿ ಹೆಚ್ಚಾಗಿ, ಕೆಂಪು ಹಳದಿ ಕಡಿಮೆಯಾಗಿ, ಕಪ್ಪು ಸೇರಿದ ಬಣ್ಣ ಡಬ್ಬಿಯಲ್ಲಿ ತಣ್ಣನೆಯ ಕಂದಾಗಿ ಕಂಡರೂ ಕೆಂಪು ಛಾಯೆಯ ಚರ್ಮದ ಮೇಲೆ ಬೂದಿಯಾಗಿಯೇ ತೋರುತ್ತದೆ. ನಮ್ಮ ಚರ್ಮಕ್ಕೆ ಒಪ್ಪುವುದು ಕೆಂಪು ಹಳದಿ ಮುಂದಾಗಿರುವ ಬೆಚ್ಚನೆಯ ಕಂದು: ಹೆಂಚಿನ ಕೆಂಪು, ಹುಣಸೆಯ ಕಂದು, ಕಾಫಿ ಪುಡಿಯ ಕಡುಕಂದು. ಚರ್ಮಕ್ಕಿಂತ ತಿಳಿಯಾದ ಬಣ್ಣ ಬೇಕೇ ಬೇಕೆಂದರೂ ಒಂದು ಪಾವಲಿಯಷ್ಟು ತಿಳಿ ಸಾಕು, ಅದೂ ಹಳದಿ ಕಡೆಗೆ ವಾಲಿದ್ದು.

ಪಾರ್ಲರ್‌ನಲ್ಲಿ ವರ್ಷಗಟ್ಟಲೆ ಬಳಸಿದ ಪ್ಯಾಲೆಟ್ ಒಂದನ್ನು ತೆರೆದು ನೋಡಿ, ಯಾವ ವಿಮರ್ಶಕರೂ ಬೇಡ, ಅದೇ ಎಲ್ಲವನ್ನೂ ಹೇಳುತ್ತದೆ. ಮಧ್ಯದ ಹೊಳಪಿಲ್ಲದ ಕಂದಿನ ಗುಳಿಯಲ್ಲಿ ತಳದ ತಗಡು ಕಾಣುವಷ್ಟು ಸವೆದಿರುತ್ತದೆ. ಅದರ ಪಕ್ಕದ ಕಡುಕಂದೂ ಅರ್ಧ ಮುಗಿದಿರುತ್ತದೆ. ಮೇಲಿನ ಸಾಲಿನ ಹೊಳೆಯುವ ಗುಲಾಬಿ, ಶಾಂಪೇನ್, ಬೆಳ್ಳಿ ಬಣ್ಣಗಳ ಮೇಲೆ ಕಂಪನಿಯ ಅಚ್ಚು ಇನ್ನೂ ಅಳಿಸಿರುವುದಿಲ್ಲ. ಹನ್ನೆರಡಕ್ಕೆ ದುಡ್ಡು ಕೊಟ್ಟು ಎರಡನ್ನು ಬಳಸುತ್ತೇವೆ.

ರೆಟ್ರೋ ನೋಟಕ್ಕೆ ಹೊಳಪಿನ ಐಶ್ಯಾಡೋ ಬೇಡ ಎಂದು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಇನ್ನೊಂದು ಕಾರಣ ಸೀರೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ನೇಯುವ ಸೀರೆಗಳ ಹೊಳಪು, ಜರಿ ಅಂಚು, ಮೇಲೆ ಒಡವೆ, ಮುಡಿಗೆ ಮಲ್ಲಿಗೆ. ಇಷ್ಟು ಹೊಳಪಿನ ನಡುವೆ ಕಣ್ಣೂ ಹೊಳೆದರೆ ನೋಡುವವರಿಗೆ ನಿಲ್ಲಲು ಜಾಗವಿರುವುದಿಲ್ಲ. ಹಳೆಯ ಫೋಟೊಗಳಲ್ಲಿ ಕಣ್ಣು ಅಷ್ಟು ಮಾತಾಡುವುದು ರೆಪ್ಪೆ ಸುಮ್ಮನಿರುವುದರಿಂದ. ಕಲ್ಯಾಣ ಮಂಟಪದ ಬಿಳಿ ಎಲ್‌ಇಡಿ ಬೆಳಕು ಮತ್ತು ವಿಡಿಯೋದವರ ಲೈಟು ಇದನ್ನು ಇನ್ನಷ್ಟು ಕೆಡಿಸುತ್ತವೆ: ಹೊಳಪಿನ ಪುಡಿ ರೆಪ್ಪೆಯ ಮೇಲೆ ಬಿಳಿ ಕಲೆಯಾಗಿ ಬೀಳುತ್ತದೆ, ಕಣ್ಣು ಊದಿಕೊಂಡಂತೆ ಕಾಣುತ್ತದೆ.

ಇನ್ನು ಗೆರೆ. ಈ ಸೀಮೆಯವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳ ಬಣ್ಣದ ಮನೆಯಲ್ಲಿ, ಮೂಡಲಪಾಯದವರ ಚೌಕಿಯಲ್ಲಿ, ಅರದಾಳ, ಸಫೇದ, ಇಂಗಳೀಕದ ಜೊತೆಗೆ ಕೊನೆಯ ಮಾತು ಕಾಡಿಗೆಯದೇ ಆಗಿತ್ತು. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತವರಿಗೂ ಕಣ್ಣು ಕಾಣಬೇಕಾದರೆ ಗೆರೆ ಬೇಕು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಮಸಿ ಹಿಡಿದು, ತುಪ್ಪದಲ್ಲಿ ಕಲಸಿದ ಕಾಡಿಗೆ ಮನೆಮನೆಯಲ್ಲಿತ್ತು. 1952ರಲ್ಲಿ ಟಾಟಾದವರು ಲ್ಯಾಕ್ಮೆ ಆರಂಭಿಸಿದ ಮೇಲೆ ಅಂಗಡಿಯ ಅಲಂಕಾರ ಸಾಮಾನು ಮಧ್ಯಮ ವರ್ಗದ ಮನೆಗಳಿಗೆ ನಿಧಾನವಾಗಿ ಬಂತು. ಅರವತ್ತರ ನಾಯಕಿಯ ಕಣ್ಣು ಎರಡೂ ಲೋಕಗಳದು. ಕಣ್ಣಿನ ಕೊನೆಯಿಂದಾಚೆಗೆ, ಹುಬ್ಬಿನ ತುದಿಯ ಕಡೆಗೆ ಎಳೆದ ಆ ಗೆರೆಯೇ ನೋಟದ ಪ್ರಾಣ, ಐಶ್ಯಾಡೋ ಅದಕ್ಕೆ ಹಿನ್ನೆಲೆ. ನಾನು ನೋಡುವ ಎಷ್ಟೋ ರೆಟ್ರೋ ಮೇಕಪ್‌ಗಳಲ್ಲಿ ಇದು ತಲೆಕೆಳಗಾಗಿದೆ: ರೆಪ್ಪೆಯ ಮೇಲೆ ಐದು ಬಣ್ಣ, ಗೆರೆ ಮಾತ್ರ ಕೂದಲೆಳೆ.

ಹಚ್ಚುವ ಜಾಗವೂ ಅಷ್ಟೇ ಮುಖ್ಯ. ಕಣ್ಣು ಮುಚ್ಚಿಸಿ, ರೆಪ್ಪೆಯ ಮಡಿಕೆ ಹುಡುಕಿ, ಅದರೊಳಗೇ ಕಂದು ತುಂಬಿದರೆ ಹುಡುಗಿ ಕಣ್ಣು ಬಿಟ್ಟಾಗ ಬಣ್ಣವೆಲ್ಲ ಒಳಗೆ ಹೋಗಿ ಮಾಯವಾಗುತ್ತದೆ. ಕನ್ನಡಿಯ ಎದುರು ನೇರವಾಗಿ ನೋಡುತ್ತ ಕೂರಿಸಬೇಕು. ಕಣ್ಣು ತೆರೆದೇ ಇರಬೇಕು. ಮಡಿಕೆಗಿಂತ ಕೂದಲೆಳೆ ಮೇಲೆ, ಮೂಳೆಯ ಅಂಚು ಕೈಗೆ ಸಿಗುವಲ್ಲಿ, ಸಣ್ಣ ಬ್ರಷ್‌ನಿಂದ ಹುಣಸೆಗಂದನ್ನು ಕಮಾನಿನಂತೆ ಎಳೆದು, ಅದರ ಮೇಲಂಚನ್ನು ಮಾತ್ರ ತಿಕ್ಕಿ ಕರಗಿಸಬೇಕು. ಕೆಳಂಚು ಹಾಗೇ ಉಳಿಯಲಿ, ಆಗಲೇ ತಿಳಿ ರೆಪ್ಪೆಗೂ ನೆರಳಿಗೂ ನಡುವೆ ಅರವತ್ತರ ಆ ಗಡಿ ಹುಟ್ಟುತ್ತದೆ. ಕಡುಕಂದು ಹೊರಮೂಲೆಯಲ್ಲಿ, ಲೈನರ್‌ನ ಬುಡಕ್ಕೆ ಮಾತ್ರ. ಇಡೀ ಕೆಲಸಕ್ಕೆ ಬಳಸಿದ್ದು ಮೂರು ಬಣ್ಣ, ಕೈ ಪಳಗಿದ್ದರೆ ಹತ್ತು ನಿಮಿಷ.

ಈಗ ಹೇಳಲೇಬೇಕಾದ, ಹೇಳುವಾಗ ಸಂಕಟವಾಗುವ ಮಾತು. ಪಾರ್ಲರ್‌ನ ಕುರ್ಚಿಯ ಹಿಂದೆ ನಿಂತ ತಾಯಿ, ಚಿಕ್ಕಮ್ಮ, ಅತ್ತಿಗೆಯರ ಬಾಯಲ್ಲಿ ಒಂದು ಮಾತು ತಪ್ಪುವುದಿಲ್ಲ: ‘ಅಕ್ಕಾ, ಒಂಚೂರು ಬೆಳ್ಳಗೆ ಕಾಣೋ ಹಂಗೆ ಮಾಡಿ, ಗಂಡಿನ ಕಡೇವ್ರು ಬರ್ತಾರೆ.’ ಪಾರ್ಲರ್‌ನಾಕೆಯಾದರೂ ಏನು ಮಾಡಿಯಾಳು? ಗಿರಾಕಿ ಕೈತಪ್ಪಬಾರದೆಂದು ಚರ್ಮಕ್ಕಿಂತ ಎರಡು ಮೂರು ಪಟ್ಟು ತಿಳಿಯಾದ ಫೌಂಡೇಶನ್ ಹಚ್ಚುತ್ತಾಳೆ. ಅಲ್ಲಿಗೆ ಮುಗಿಯಿತು. ಮುಖವೊಂದು ಬಣ್ಣ, ಕುತ್ತಿಗೆ ಇನ್ನೊಂದು, ಕೈ ಮತ್ತೊಂದು. ಅಂಥ ಮುಖಕ್ಕೆ ಹೊಂದುವುದು ಆ ಬಿಳಿಚಿದ ಪ್ಯಾಲೆಟ್ಟೇ, ಹಾಗಾಗಿ ಅದು ಮಾರಾಟವಾಗುತ್ತಲೇ ಇರುತ್ತದೆ. ಕಂದು ಐಶ್ಯಾಡೋ ಆರಿಸುವುದೆಂದರೆ ನಮ್ಮ ಮೈಬಣ್ಣವನ್ನು ಒಪ್ಪಿಕೊಂಡು ಅದಕ್ಕೆ ನೆರಳು ಹುಡುಕುವುದು. ಒಪ್ಪಿಕೊಳ್ಳುವುದೇ ಇಲ್ಲವಾದರೆ ಯಾವ ಕಂದೂ ಸರಿಹೋಗದು. ಮೈಬಣ್ಣದ ಬಗೆಗಿನ ಈ ಅಳುಕನ್ನು ಮದುವೆಯ ದಿನವೇ ಹುಡುಗಿಯ ಮುಖಕ್ಕೆ ಬಳಿದು ಕಳಿಸುವುದು ಅನ್ಯಾಯ ಎಂದೇ ನಾನು ನಂಬುತ್ತೇನೆ.

ಡಬ್ಬಿ ಕೊಳ್ಳುವಾಗ ಎಚ್ಚರಿಕೆ ಒಂದೆರಡು. ಜಾತ್ರೆಯಲ್ಲೂ ಸಂತೆಯಲ್ಲೂ ದೊಡ್ಡ ಬ್ರ್ಯಾಂಡ್‌ಗಳ ಹೆಸರನ್ನು ಒಂದಕ್ಷರ ತಿರುಚಿದ ಪ್ಯಾಲೆಟ್‌ಗಳು ಸಿಗುತ್ತವೆ. ಹಿಂದೆ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಬಳಕೆಯ ಅವಧಿ ಇಲ್ಲದ್ದನ್ನು ಕಣ್ಣಿನ ಹತ್ತಿರ ತರಬೇಡಿ. ಬಣ್ಣದ ಪುಡಿಯಲ್ಲಿ ಸೀಸದಂಥ ಲೋಹಗಳಿಗೆ ನಮ್ಮಲ್ಲಿ ಕಾನೂನಿನ ಮಿತಿ ಇದೆ, ವಿಳಾಸವೇ ಇಲ್ಲದ ಡಬ್ಬಿಗೆ ಆ ಮಿತಿ ಯಾರು ಹಾಕುತ್ತಾರೆ? ಒಬ್ಬರ ಕಣ್ಣಿಗೆ ತಾಗಿದ ಬ್ರಷ್ ತೊಳೆಯದೆ ಇನ್ನೊಬ್ಬರಿಗೆ ಬಳಸಿದರೆ ಮದ್ರಾಸ್ ಐ ಹರಡಲು ಬೇರೆ ಕಾರಣ ಬೇಕಿಲ್ಲ.

ನನ್ನ ತೀರ್ಪು ಇಷ್ಟು: ಹನ್ನೆರಡು ಬಣ್ಣದ ನ್ಯೂಡ್ ಪ್ಯಾಲೆಟ್ ನಮ್ಮ ಹುಡುಗಿಯರ ರೆಟ್ರೋ ಕಣ್ಣಿಗೆ ದಂಡ. ಹೊಳಪಿಲ್ಲದ ನಾಲ್ಕು ಬಣ್ಣ ಸಾಕು: ಚರ್ಮದ್ದೇ ಬಣ್ಣ ಒಂದು, ಅದಕ್ಕಿಂತ ಎರಡು ಪಟ್ಟು ಗಾಢವಾದ ಕೆಂಪುಗಂದು ಒಂದು, ಕಾಫಿಯಂಥ ಕಡುಕಂದು ಒಂದು, ಗೆರೆಯನ್ನು ಕೂರಿಸಲು ಕರಿಗಂದು ಒಂದು. ಜೊತೆಗೆ ಒಳ್ಳೆಯ ಕಪ್ಪು ಲೈನರ್. ಬಿಡಿ ಬಣ್ಣಗಳಾಗಿ ಕೊಂಡರೆ ಇನ್ನೂ ಒಳ್ಳೆಯದು. ಕೊಳ್ಳುವ ಮೊದಲು ಟೆಸ್ಟರ್‌ನಿಂದ ಮೊಣಕೈ ಒಳಗೆ ಹಚ್ಚಿಕೊಂಡು, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಬಾಗಿಲ ಹೊರಗೆ ಬಿಸಿಲಲ್ಲಿ ನಿಂತು ನೋಡಿ. ಬೂದಿಯಾಗಿ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಮದುವೆ ಗೊತ್ತಾದ ಹೆಣ್ಣುಮಕ್ಕಳೇ, ಟ್ರಯಲ್ ಮೇಕಪ್‌ನ ದಿನ ನಿಮ್ಮ ಕುತ್ತಿಗೆಯ ಬಣ್ಣಕ್ಕೆ ಹೊಂದುವ ಫೌಂಡೇಶನ್ನನ್ನೇ ಹಚ್ಚಿ ಎಂದು ಬಾಯಿಬಿಟ್ಟು ಹೇಳಿ. ಹಿಂದೆ ನಿಂತವರು ಏನೇ ಅಂದರೂ ಆ ಮಾತಿನಿಂದ ಹಿಂದೆ ಸರಿಯಬೇಡಿ.